ಕೆಂಪು ವಸ್ತ್ರದ ಪುಸ್ತಕ

"ಎಡಕ್ಕೆ, ಎಡಕ್ಕೆ! ಗೋಡೆ ತಾಗುತ್ತೆ ನೋಡಿ!" ಎಂದು ಬದರಿ ಭಟ್ಟರು ಕೆಳಗಿನಿಂದ ಕೂಗುತ್ತಿದ್ದರು. ಕಾಶಿಯ ಜಂಗಮವಾಡಿಯ ಆ ಹಳೆಯ ಮನೆಯ ಮೆಟ್ಟಿಲು ಒಬ್ಬರು ನಡೆಯುವುದಕ್ಕೇ ಇಕ್ಕಟ್ಟು. ತುಳಸಮ್ಮನ ದೇಹವನ್ನು ಜಮಖಾನದಲ್ಲಿ ಹಿಡಿದ ನಾಲ್ವರು ಒಬ್ಬರ ಕಾಲನ್ನೊಬ್ಬರು ತುಳಿಯುತ್ತ ಇಳಿಯುತ್ತಿದ್ದರು. ತಲೆಯ ಕಡೆ ಹಿಡಿದಿದ್ದವರು ಬ್ಯಾಂಕಿನ ಲೋಕನಾಥ್. ರಕ್ತಸಂಬಂಧವೇನೂ ಇಲ್ಲ. ಮಕ್ಕಳಿಲ್ಲದ ತುಳಸಮ್ಮ, ತನಗೆ ಬೆಂಕಿ ಇಡುವವರು ಇವರೇ ಎಂದು ಹಿಂದೆಯೇ ತೀರ್ಮಾನ ಮಾಡಿಬಿಟ್ಟಿದ್ದರು. ಲೋಕನಾಥರ ಒಪ್ಪಿಗೆ ಕೇಳುವ ಗೋಜಿಗೂ ಹೋಗಿರಲಿಲ್ಲ.

ಗಲ್ಲಿಯಲ್ಲಿ ಚಟ್ಟಕ್ಕೆ ಕಟ್ಟುವ ಹೊತ್ತಿಗೆ ಭಟ್ಟರಿಗೆ ಏನೋ ನೆನಪಾಯಿತು. ಕಾಶಿಗೆ ಬರುವ ಕನ್ನಡದ ಯಾತ್ರಿಕರಿಗೆ ಪೂಜೆ ಮಾಡಿಸಿಯೇ ತಲೆ ನರೆತ ಮನುಷ್ಯ, ಇಂಥ ವಿಷಯದಲ್ಲಿ ಚೂರೂ ಲೋಪ ಆಗಬಾರದು. ದಡದಡ ಮೇಲೆ ಹತ್ತಿ, ತುಳಸಮ್ಮನ ತಲೆದಿಂಬಿನ ಪಕ್ಕದಲ್ಲಿದ್ದ ಕೆಂಪು ವಸ್ತ್ರ ಸುತ್ತಿದ ಪುಸ್ತಕ ತಂದರು.

"ದಿನಾ ಸಂಜೆ ಓದ್ತಿದ್ದ ಗ್ರಂಥ. ಬಾಗಿಲಾಚೆ ಹೋಗುವಾಗೆಲ್ಲ ದನಿ ಕೇಳ್ತಿತ್ತು. ಎದೆ ಮೇಲೆ ಇಡಿ, ಜೊತೆಗೇ ಹೋಗ್ಲಿ."

ಲೋಕನಾಥ್ ಕಣ್ಣೊರೆಸಿಕೊಳ್ಳುತ್ತ ತಲೆಯಾಡಿಸಿದರು. ಪುಸ್ತಕ ಯಾವುದೆಂದು ನೋಡುವ ಸ್ಥಿತಿಯಲ್ಲಿ ಅವರಿರಲಿಲ್ಲ. ಮಹಡಿಯ ಕಿಟಕಿಯಲ್ಲಿ ಪಕ್ಕದ ಕೋಣೆಯ ಶಕುಂತಲಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದರು. 'ರಾಮ್ ನಾಮ್ ಸತ್ಯ ಹೈ' ಎನ್ನುತ್ತ ಗಂಡಸರು ಮಣಿಕರ್ಣಿಕೆಯ ದಾರಿ ಹಿಡಿದರು.

*

ಲೋಕನಾಥ್ ತುಳಸಮ್ಮನನ್ನು ಮೊದಲು ಕಂಡದ್ದು ದಶಾಶ್ವಮೇಧ ಘಾಟಿನಲ್ಲಿ. ವರ್ಗವಾಗಿ ಬಂದ ಹೊಸತು. ನಾಲ್ಕು ಕನ್ನಡದ ಮಾತು ಕಿವಿಗೆ ಬೀಳಲಿ ಎಂದು ಸಂಜೆ ಅಲ್ಲಿ ಹೋಗಿ ನಿಲ್ಲುತ್ತಿದ್ದರು. ಆವತ್ತು ಒಬ್ಬ ಮುದುಕಿ ದಾವಣಗೆರೆಯ ಯಾತ್ರಿಕರ ತಂಡವೊಂದನ್ನು ಅಡ್ಡಗಟ್ಟಿ ನಿಂತಿದ್ದರು.

"ರೈಲಲ್ಲಿ ಓದೋಕೆ ಅಂತ ಏನಾದ್ರೂ ತಂದಿದ್ರೇನಪ್ಪ? ಓದಿ ಆಗಿದ್ರೆ ನನಗೆ ಕೊಟ್ಟುಹೋಗಿ. ವಾಪಸ್ ಹೊತ್ಕೊಂಡು ಹೋಗಿ ಏನು ಮಾಡ್ತೀರಿ?"

ಹೀಗೆ ಕೇಳಿ ಕೇಳಿ ತಂದ ಪುಸ್ತಕಗಳೇ ಆಕೆಯ ಕೋಣೆ ತುಂಬ. ಕಾಶಿಯಲ್ಲಿ ಕಣ್ಣು ಮುಚ್ಚಲು ಬಂದ ವಿಧವೆಯ ಬಳಿ ಇರಬೇಕಾದ ಪುರಾಣ, ಸ್ತೋತ್ರ ಎಲ್ಲ ಇದ್ದವು. ಅವುಗಳಿಗೆ ಒತ್ತಿಕೊಂಡೇ ಪತ್ತೇದಾರಿ ಕಾದಂಬರಿ, ಪ್ರೇಮಕತೆ, ನಕ್ಷತ್ರಗಳ ಪುಸ್ತಕ, ಮಕ್ಕಳ ಪದ್ಯ, ಕೋಳಿ ಸಾಕಣೆಯ ಕೈಪಿಡಿ. ಒಂದನ್ನೂ ಬಿಡದೆ ಎಲ್ಲಕ್ಕೂ ಗ್ರಂಥಕ್ಕೆ ಸುತ್ತುವ ಕೆಂಪು ವಸ್ತ್ರ.

"ಕೋಳಿ ಪುಸ್ತಕಕ್ಕೂ ಇದೇನಾ?" ಎಂದು ಲೋಕನಾಥ್ ನಕ್ಕಿದ್ದರು.

"ಯಾಕೆ, ಅದನ್ನ ಬರೆದೋನು ಕಷ್ಟಪಟ್ಟು ಬರೀಲಿಲ್ವಾ? ಕೋಳಿ ಕಾವಿಗೆ ಕೂತಾಗ ಮೊಟ್ಟೇನ ಕೊಕ್ಕಲ್ಲಿ ಹೊರಳಿಸ್ತಾನೇ ಇರುತ್ತಂತೆ. ನಿಮಗೆ ಗೊತ್ತಿತ್ತಾ?"

"ಇಲ್ಲಮ್ಮ."

"ನನಗೂ ಗೊತ್ತಿರಲಿಲ್ಲ. ಗೊತ್ತಾಗದೆ ಸತ್ತುಹೋಗಿದ್ರೆ ನಷ್ಟ ಅಲ್ವಾ?"

ಪರೀಕ್ಷೆಗೆ ಬಿಟ್ಟರೆ ಬೇರೆ ಯಾವುದಕ್ಕೂ ಪುಸ್ತಕ ಮುಟ್ಟದಿದ್ದ ಲೋಕನಾಥ್ ಆ ದಿನ ನಕ್ಷತ್ರಗಳ ಪುಸ್ತಕ ಕಂಕುಳಲ್ಲಿಟ್ಟುಕೊಂಡು ಮನೆಗೆ ಬಂದರು. ಹೆಂಡತಿ ಶುಭಾ ಹುಬ್ಬೇರಿಸಿದಳು. ಆಮೇಲೆ ರಜೆಗೆ ಊರಿಗೆ ಹೋದಾಗಲೆಲ್ಲ ತುಳಸಮ್ಮನಿಗೆಂದು ಒಂದು ಚೀಲ ಪುಸ್ತಕ ಬರುವುದು ರೂಢಿಯಾಯಿತು. ಅದರಲ್ಲಿ ಅರ್ಧವನ್ನು ಮೊದಲು ಅವರೇ ಓದಿ ಮುಗಿಸುತ್ತಿದ್ದರು.

*

ಶಕುಂತಲಮ್ಮನಿಗೆ ಅಕ್ಷರ ಬಾರದು. ಪಕ್ಕದ ಕೋಣೆಯವರು, ತುಳಸಮ್ಮನಂತೆ ಅವರೂ ವಿಧವೆ. ಕಾಶಿಗೆ ಬಂದ ಮೊದಲ ವರ್ಷವೆಲ್ಲ ಗೋಡೆಗೆ ಒರಗಿ ಕೂತು 'ಯಾವಾಗ ಕರಕೊಳ್ತೀಯಪ್ಪ ವಿಶ್ವನಾಥ' ಎನ್ನುತ್ತಿದ್ದವರು. ಒಂದು ಸಂಜೆ ತುಳಸಮ್ಮ ಅವರನ್ನು ಎಳೆದು ತಂದು ದೀಪದ ಮುಂದೆ ಕೂರಿಸಿ ಪ್ರೇಮಕತೆಯೊಂದನ್ನು ಓದತೊಡಗಿದರು. ಕತೆಯ ಗಂಡ ಹೆಂಡತಿಗೆ ಬರೆದ ಪತ್ರ ಬಂದಾಗ ಶಕುಂತಲಮ್ಮ ಕೈ ಅಡ್ಡ ಹಿಡಿದರು.

"ನಿಲ್ಲಿಸೇ. ಗಂಡಸರು ಹೀಗೆಲ್ಲ ಮಾತಾಡ್ತಾರಾ?"

"ಪುಸ್ತಕದಲ್ಲಿ ಆಡ್ತಾರೆ."

"ಹಾಗಾದ್ರೆ ಇನ್ನೊಂದ್ಸಲ ಓದು."

ಅಂದಿನಿಂದ ದಿನಕ್ಕೊಂದು ಅಧ್ಯಾಯ. ಶಕುಂತಲಮ್ಮ ಪ್ರೇಮಕತೆಗೆ ಅತ್ತರು, ಚಂದ್ರನ ಮೇಲೆ ಗಾಳಿಯಿಲ್ಲವೆಂದು ಕೇಳಿ ಚಂದ್ರನಿಗಾಗಿ ಮರುಗಿದರು, ಕೊಲೆ ನಡೆದರೆ ಮಾತ್ರ ಕಣ್ಣರಳಿಸಿ ಮುಂದಕ್ಕೆ ಸರಿದು ಕೂತರು. ತುಳಸಮ್ಮನ ಕಟ್ಟುನಿಟ್ಟು ಒಂದೇ: ತಾನೂ ಮುಂದಿನ ಪುಟ ಕದ್ದು ಓದುತ್ತಿರಲಿಲ್ಲ. ಕತೆ ಕುತೂಹಲದ ತುದಿಗೆ ಬಂದಾಗ ಸರಿಯಾಗಿ ಪುಸ್ತಕ ಮುಚ್ಚುತ್ತಿದ್ದರು.

"ಪಾಪಿ, ಇನ್ನೊಂದು ಪುಟ ಓದೇ! ಬೆಳಗಾಗೋದ್ರೊಳಗೆ ನಾನು ಸತ್ತುಹೋದ್ರೆ?"

"ಕತೆ ಅರ್ಧಕ್ಕೆ ಬಿಟ್ಟು ಹೇಗೆ ಸಾಯ್ತೀಯ? ನಾಳೆ ಬಾ."

ಶಕುಂತಲಮ್ಮ ಮರುದಿನ ಬರುತ್ತಿದ್ದರು. ಕರಕೊಳ್ಳಪ್ಪ ಎಂದು ವಿಶ್ವನಾಥನನ್ನು ಕೇಳುವುದು ಎಂದೋ ನಿಂತುಹೋಗಿತ್ತು, ಅದು ಅವರ ಗಮನಕ್ಕೂ ಬಂದಿರಲಿಲ್ಲ.

*

ಕೋಣೆ ತೊಳೆದಾಗಿತ್ತು. ದೇಹ ಮಲಗಿಸಿದ್ದ ಜಾಗದಲ್ಲಿ ಶುಭಾ ದೀಪ ಹಚ್ಚಿಟ್ಟಿದ್ದಳು. ಶಕುಂತಲಮ್ಮ ಎದ್ದು ಮೂಲೆ ಮೂಲೆ ತಡಕಾಡುತ್ತಿದ್ದರು. ಒಂದೊಂದೇ ಕೆಂಪು ಗಂಟು ಬಿಚ್ಚಿ, ಮೇಲಿನ ಚಿತ್ರ ನೋಡಿ, ಮತ್ತೆ ಸುತ್ತಿಡುತ್ತಿದ್ದರು.

"ಏನು ಹುಡುಕ್ತಿದೀರಿ ಅಜ್ಜಿ?"

"ಏನಿಲ್ಲ ಬಿಡು."

"ಹೇಳಿ, ನಾನೂ ನೋಡ್ತೀನಿ."

ಶಕುಂತಲಮ್ಮ ತಲೆ ತಗ್ಗಿಸಿದರು. "ಇಂಥ ದಿನ ಕೇಳಬಾರದು ಕಣೇ. ಪಿಸ್ತೂಲಿನ ಚಿತ್ರ ಇರೋ ಪುಸ್ತಕ. ಟಾಕೀಸಿನ ಮಾಲೀಕನ್ನ ಯಾರೋ ಕೊಂದುಬಿಟ್ಟಿದಾರೆ. ಯಾರು ಅಂತ ನಿನ್ನೆ ಗೊತ್ತಾಗಬೇಕಿತ್ತು, ಕೊನೇ ಅಧ್ಯಾಯ. ಅಷ್ಟರಲ್ಲಿ ಇವಳು…" ಬಿಚ್ಚಿದ ಗಂಟನ್ನು ಮತ್ತೆ ಸುತ್ತಿಟ್ಟರು. "ದಿಂಬಿನ ಪಕ್ಕದಲ್ಲೇ ಇತ್ತು."

ಶುಭಾ ಎದೆಯ ಮೇಲೆ ಕೈ ಇಟ್ಟುಕೊಂಡಳು. "ಅಯ್ಯೋ ಅಜ್ಜಿ! ಅದನ್ನೇ ಭಟ್ಟರು ತಗೊಂಡು ಹೋದ್ರು!"

*

ಮಣಿಕರ್ಣಿಕೆಯಲ್ಲಿ ಸರದಿ ಇತ್ತು. ಗಂಗೆಯಲ್ಲಿ ಅದ್ದಿ ತಂದ ಚಟ್ಟವನ್ನು ಮೆಟ್ಟಿಲ ಮೇಲೆ ಇಳಿಸಿ, ಲೋಕನಾಥ್ ಒದ್ದೆ ಪಂಚೆಯಲ್ಲಿ ಪಕ್ಕದಲ್ಲೇ ಕೂತಿದ್ದರು. ನೆನೆಯದಿರಲೆಂದು ಭಟ್ಟರು ಪುಸ್ತಕವನ್ನು ಅವರ ಕೈಗೆ ಕೊಟ್ಟಿದ್ದರು. ಆಗ ಶುಭಾಳ ಫೋನ್ ಬಂತು.

ಲೋಕನಾಥ್ ಪುಸ್ತಕಕ್ಕೆ ಸುತ್ತಿದ್ದ ವಸ್ತ್ರ ಬಿಚ್ಚಿದರು. ಪಿಸ್ತೂಲು, ಅದರ ಹಿಂದೆ ಬಿಚ್ಚುಗೂದಲ ಹೆಣ್ಣು.

"ಶಿವ ಶಿವ! ಇದನ್ನೇ ದಿನಾ ಓದ್ತಿದ್ದಿದ್ದು?" ಭಟ್ಟರು ಎರಡು ಮೆಟ್ಟಿಲು ಮೇಲಕ್ಕೆ ಸರಿದರು.

"ಇದನ್ನೂ ಓದ್ತಿದ್ರು. ಭಟ್ಟರೇ, ಇದನ್ನ ಶಕುಂತಲಮ್ಮನಿಗೆ ವಾಪಸ್ ಕೊಡಬೇಕು."

"ಅರೇ, ಅದು ಹೇಗಾಗುತ್ತೆ ಸಾಹೇಬ್ರೇ? ಹೆಣದ ಜೊತೆ ಬಂದಿದ್ದು ಮನೆಗೆ ವಾಪಸ್ ಹೋಗೋ ಹಾಗಿಲ್ಲ."

ಫೋನಿನಲ್ಲಿ ಶಕುಂತಲಮ್ಮನ ದನಿ ಕೇಳಿತು. "ಅವರು ಹೇಳೋದು ಸರಿನಪ್ಪ ಲೋಕನಾಥ. ಮನೆಗೆ ತರಬೇಡ, ಶಾಸ್ತ್ರ ಮೀರೋದು ಬೇಡ. ಅವಳಿಗೂ ಗೊತ್ತಾಗದೆ ಹೋಯ್ತಲ್ಲ ಅಂತ ಹೊಟ್ಟೆ ಉರಿಯುತ್ತೆ ಅಷ್ಟೆ."

ಲೋಕನಾಥ್ ತುಳಸಮ್ಮನ ಮುಖ ನೋಡಿದರು. ಒಂದು ಪುಸ್ತಕವನ್ನೂ ಅರ್ಧಕ್ಕೆ ಬಿಡದ ಹೆಂಗಸು. ಅವರಿಗೆ ತಡೆಯಲಾಗದಷ್ಟು ಅಳು ಬಂತು.

"ಮನೆಗೆ ತರಲ್ಲಮ್ಮ. ಇಲ್ಲೇ ಓದ್ತೀನಿ, ಕೇಳಿಸ್ಕೊಳ್ಳಿ."

ಕೊನೆಯ ಅಧ್ಯಾಯ ತೆರೆದು ಓದತೊಡಗಿದರು. ಸುತ್ತ ಚಿತೆಗಳ ಚಟಚಟ, ಸೌದೆ ಹೊರುವವರ ಕೂಗು. ಮೊದಲು ದನಿ ನಡುಗಿತು. ಆಮೇಲೆ ಪತ್ತೇದಾರ ಟಾಕೀಸಿನೊಳಗೆ ಎಲ್ಲರನ್ನೂ ಕೂರಿಸಿ ಬಾಗಿಲು ಹಾಕಿಸಿದ, ಲೋಕನಾಥರ ದನಿಯೂ ಗಟ್ಟಿಯಾಯಿತು. ಭಟ್ಟರು ಮುಖ ಗಂಟಿಕ್ಕಿಕೊಂಡೇ ಒಂದು ಮೆಟ್ಟಿಲು ಇಳಿದರು. ಇನ್ನೊಂದು ಇಳಿದರು. ಕೊನೆಗೆ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತು, "ಕೊಡಿ ಇಲ್ಲಿ, ಪುಟ ತಿರುಗಿಸೋಕೆ ಆಗ್ತಿಲ್ಲ ನಿಮಗೆ" ಎಂದು ಫೋನನ್ನು ಲೋಕನಾಥರ ಬಾಯಿಯ ಹತ್ತಿರ ಹಿಡಿದರು.

"ಬಾಬೂಜೀ, ನಂಬರ್ ಆ ಗಯಾ!" ಸರದಿ ಬಂತೆಂದು ಮೇಲಿನಿಂದ ಯಾರೋ ಕೂಗಿದರು.

"ದೋ ಪನ್ನಾ ಔರ್, ಭೈಯಾ!" ಇನ್ನೆರಡೇ ಪುಟ ಎಂದು ತಿರುಗಿ ಕೂಗಿದವರು ಭಟ್ಟರೇ.

ಕೊಂದವನು, ಎಲ್ಲರೂ ಎದುರಿಗೇ ನೋಡಿಯೂ ಗಮನಿಸದೆ ಬಿಟ್ಟಿದ್ದ, ಬಾಗಿಲಲ್ಲಿ ಟಿಕೆಟ್ ಹರಿಯುವವನು. ಫೋನಿನಾಚೆ ಶಕುಂತಲಮ್ಮ ಕೈ ತಟ್ಟಿದ್ದು ಕೇಳಿಸಿತು.

"ಅಯ್ಯೋ ಮುಂಡೇದೇ! ಅವನಾ? ಒಂದು ದಿನಾನಾದ್ರೂ ಅನುಮಾನ ಬಂತಾ ನಮಗೆ!" ನಗುತ್ತಿದ್ದವರು ನಗುತ್ತಲೇ ಅತ್ತುಬಿಟ್ಟರು. ಮೂಗೆಳೆದುಕೊಂಡು ಕೇಳಿದರು, "ಲೋಕನಾಥ, ಯಾವ ಕಡೆ ಕೂತಿದೀಯಪ್ಪ?"

"ಅವರ ಎಡಕ್ಕಮ್ಮ."

"ಆ ಕಿವಿ ಅವಳಿಗೆ ಕೇಳಿಸ್ತಿರಲಿಲ್ಲ."

ಲೋಕನಾಥ್ ಭಟ್ಟರ ಮುಖ ನೋಡಿದರು. ಹೊರುವವರು ಬಂದು ಚಟ್ಟದ ನಾಲ್ಕೂ ಕಡೆ ನಿಂತಾಗಿತ್ತು. ಭಟ್ಟರು ಅವರಿಗೆ ತಡೆಯಿರೆಂದು ಕೈ ಮಾಡಿದರು.

"ಕಾಶೀಲಿ ಸಾಯೋರ ಬಲಗಿವಿಗೆ ವಿಶ್ವನಾಥನೇ ತಾರಕಮಂತ್ರ ಹೇಳಿ ಮುಕ್ತಿ ಕೊಡ್ತಾನೆ, ಇಷ್ಟೊತ್ತಿಗೆ ಹೇಳಿ ಮುಗಿಸಿರ್ತಾನೆ. ಈಗ ನೀವು ಹೇಳಿ."

ಲೋಕನಾಥ್ ಚಟ್ಟ ಬಳಸಿಕೊಂಡು ಆ ಕಡೆಗೆ ಹೋದರು. ಮೆಟ್ಟಿಲ ಮೇಲೆ ಮಂಡಿಯೂರಿ, ತುಳಸಮ್ಮನ ಕೆನ್ನೆಗಂಟಿದ್ದ ಒದ್ದೆ ಬಟ್ಟೆ ಸರಿಸಿ, ಬಲಗಿವಿಯ ಹತ್ತಿರ ಬಾಯಿ ತಂದು ಕೊಲೆಗಾರನ ಹೆಸರು ಹೇಳಿದರು.