ಶಿಮ್ಚಿಕ್ ಮನೆಯ ಹಾಡು

ಆ ಊರಲ್ಲಿ ಮನೆಗೊಂದು ಹಾಡಿತ್ತು. ಹೊಲ ಕೈಬಿಟ್ಟು ಹೋಗಬಹುದು, ದ್ರಾಕ್ಷಿತೋಟ ಪಾಲಾಗಬಹುದು, ಹಾಡು ಮಾತ್ರ ಬಾಗಿಲ ಚೌಕಟ್ಟಿನ ಹಾಗೆ ಆ ಮನೆಗೇ ಅಂಟಿಕೊಂಡಿರುತ್ತಿತ್ತು. ನವೆಂಬರಿನಲ್ಲಿ ಸಂತ ಮಾರ್ಟಿನ್ ಹಬ್ಬದ ಸಂಜೆ ಊರಿನವರೆಲ್ಲ ಸಭಾಮನೆಯಲ್ಲಿ ಹೆಬ್ಬಾತಿನ ಊಟಕ್ಕೆ ಕೂತಾಗ, ವಾದ್ಯದವರು ಮೇಜಿಂದ ಮೇಜಿಗೆ ಬರುತ್ತಿದ್ದರು. ಸಿಂಬಲಮ್ ಮಾತ್ರ ಇದ್ದಲ್ಲಿಂದ ಅಲ್ಲಾಡುತ್ತಿರಲಿಲ್ಲ, ಅದು ಹಸುವಿನಷ್ಟು ಭಾರ. ಅದರ ತಂತಿಗಳನ್ನು ಹತ್ತಿ ಸುತ್ತಿದ ಕೋಲುಗಳಿಂದ ಬಡಿಯುವ ಹೆಂಗಸು ಗೋಡೆಯ ಪಕ್ಕ ಕೂತೇ ನುಡಿಸುತ್ತಿದ್ದಳು. ಪಿಟೀಲು, ಕ್ಲಾರಿನೆಟ್ಟಿನವರು ನಡೆದು ಬರುತ್ತಿದ್ದರು. ಅವರ ಮುಂದಾಳು, ಪಿಟೀಲಿನ ಹ್ಯೂಬರ್ಟ್, ಆಯಾ ಮನೆಯ ಯಜಮಾನನ ಮುಖ ನೋಡಿ ಕಮಾನು ಎತ್ತುತ್ತಿದ್ದ. ಯಾವ ಹಾಡು ಎಂದು ಅವನು ಕೇಳುತ್ತಿರಲಿಲ್ಲ. ಕೇಳುವುದೆಂದರೆ ನಿನ್ನ ಮನೆ ಯಾವುದಯ್ಯಾ ಎಂದು ಕೇಳಿದ ಹಾಗೆ.

ರೊಜಾಲಿಯಾ ಶಿಮ್ಚಿಕ್‌ಳ ಮನೆಯ ಹಾಡು ಗಿರಣಿ ಹಳ್ಳದ್ದು.

ಗಿರಣಿ ಹಳ್ಳ ದಾಟುವಾಗ ಬಿಳಿ ವಸ್ತ್ರ ಹಾರಿತು,
ಹಿಡಿದುಕೊಟ್ಟ ಕೈಯಲ್ಲೇ ನನ್ನ ಜೀವ ಉಳಿಯಿತು.

ಅವಳ ಗಂಡ ಮೆತೋದ್ ಪ್ರತಿ ವರ್ಷ ಇದನ್ನು ಎದ್ದು ನಿಂತು, ಎಡಗೈ ಸೊಂಟಕ್ಕಿಟ್ಟು ಶುರು ಮಾಡುತ್ತಿದ್ದ. ಬಿಳಿ ವಸ್ತ್ರದ ಸಾಲು ಬಂದಾಗ ಊರೆಲ್ಲ ರೊಜಾಲಿಯಾಳ ಕಡೆ ತಿರುಗಿ ನಗುತ್ತಿತ್ತು. ಹಾಡು ಮಾವನ ಕಾಲಕ್ಕೂ ಹಿಂದಿನದು, ಆದರೂ ಮೆತೋದ್ ಹಾಡುವಾಗ ತಲೆಗೆ ಕಟ್ಟುವ ಆ ಬಿಳಿ ವಸ್ತ್ರ ಅವಳದೇ ಎಂದು ಎಲ್ಲರೂ ಅಂದುಕೊಂಡಿದ್ದರು. ಅವಳೂ ನಗುತ್ತಿದ್ದಳು. ರೂಢಿಯಾದ ಮೇಲೆ ನಗುವುದು ಅಂಥ ಕಷ್ಟದ ಕೆಲಸವಲ್ಲ.

ಅವಳ ತವರಿದ್ದದ್ದು ಊರಿನ ಮೇಲುಗಡೆ. ಅಲ್ಲಿ ಹಳ್ಳವೂ ಇಲ್ಲ, ಗಿರಣಿಯೂ ಇಲ್ಲ. ಗಿರಣಿಯವನ ಮಗಳು ಶ್ಟೆಪಾಂಕಾ. ಮದುವೆಗೆ ಹಿಂದಿನ ಬೇಸಿಗೆಯಲ್ಲಿ ಮೆತೋದ್ ಒಂದೇ ಮೂಟೆ ಗೋಧಿಯನ್ನು ಸಣ್ಣಸಣ್ಣ ಚೀಲ ಮಾಡಿಕೊಂಡು ದಿನ ಬಿಟ್ಟು ದಿನ ಬೀಸಿಸಲು ಹೋಗುತ್ತಿದ್ದನಂತೆ. ಶ್ಟೆಪಾಂಕಾ ರೈಲ್ವೆಯವನೊಬ್ಬನನ್ನು ಮದುವೆಯಾಗಿ ಊರು ಬಿಟ್ಟಳು. ಮೆತೋದ್ ರೊಜಾಲಿಯಾಳನ್ನು ಮದುವೆಯಾದ. ಹೊಸತರಲ್ಲಿ ಒಮ್ಮೆ ಅವಳು ಕೇಳಿದ್ದಳು, ಆ ವಸ್ತ್ರ ಯಾರದ್ದು ಎಂದು. ಅವನು ಗಾಡಿಯ ಗಾಲಿಗೆ ಎಣ್ಣೆ ಹಚ್ಚುತ್ತಿದ್ದ. "ಹಾಡಲ್ಲಿರೋ ವಸ್ತ್ರ ಯಾರ್ದೂ ಅಲ್ಲ ಕಣೇ," ಎಂದು ಗಾಲಿ ತಿರುಗಿಸಿದ. ಅವಳು ಮತ್ತೆ ಕೇಳಲಿಲ್ಲ. ಕೆಟ್ಟ ಗಂಡನೇನಲ್ಲ. ಕುಡಿದು ಬೈದವನಲ್ಲ, ಚಳಿಗಾಲಕ್ಕೆ ಸೌದೆ ಒಡೆದು ಸೂರಿನವರೆಗೆ ಒಟ್ಟದೆ ಬಿಟ್ಟವನಲ್ಲ. ಆ ಹಾಡೊಂದು ಬಿಟ್ಟರೆ ಅವನ ಮೇಲೆ ಹೇಳುವಂಥ ದೂರೇನೂ ಅವಳಿಗಿರಲಿಲ್ಲ.

ಅವನು ಸತ್ತು ಎರಡನೆಯ ಚಳಿಗಾಲ ಬರುತ್ತಿತ್ತು. ಹೋದ ಹಬ್ಬಕ್ಕೆ ಸೂತಕದ ವರ್ಷವೆಂದು ರೊಜಾಲಿಯಾ ಮನೆಯಲ್ಲೇ ಉಳಿದಿದ್ದಳು. ಈ ಸಲ ಪಕ್ಕದ ಮನೆಯ ಫಿಲೋಮೆನಾ ಬಿಡಲಿಲ್ಲ. ಕತ್ತಲಾಗುವ ಮೊದಲೇ ಬಂದು ಬಾಗಿಲಲ್ಲಿ ನಿಂತಳು.

"ಇನ್ನೂ ಸೂತಕದ ಕಪ್ಪು ಬಿಟ್ಟಿಲ್ವಲ್ಲೇ ರೋಜಾ. ಮೆತೋದ್ ಎದ್ದು ಬಂದು ನೋಡ್ತಾನೆ ಅಂದ್ಕೊಂಡ್ಯಾ?"

"ಈ ಸ್ವೆಟರ್ ಬೆಚ್ಚಗಿದೆ, ಅದಕ್ಕೆ."

"ಸರಿ ಬಿಡು. ಇವತ್ತು ನಿಮ್ಮ ಹಾಡಿಗೆ ಊರೆಲ್ಲ ಎದ್ದು ನಿಲ್ಲುತ್ತೆ ನೋಡು. ಹ್ಯೂಬರ್ಟ್ ಹೇಳ್ತಿದ್ದ. ಕಣ್ಣೀರು ಒರೆಸೋಕೆ ಏನಾದ್ರೂ ಇಟ್ಕೊಂಡಿದೀಯಾ?"

ರೊಜಾಲಿಯಾ ಬೀಗ ಹಾಕಿ ಕೀಲಿಯನ್ನು ಜೇಬಿಗಿಟ್ಟಳು. ಎದ್ದು ನಿಲ್ಲುವ ವಿಷಯ ಅವಳಿಗೂ ಗೊತ್ತಿತ್ತು. ಯಜಮಾನ ಸತ್ತ ಮನೆಯ ಮೊದಲ ಹಾಡಿಗೆ ಎಲ್ಲರೂ ಎದ್ದು ನಿಲ್ಲುತ್ತಾರೆ, ವಿಧವೆ ತಲೆಯಾಡಿಸುತ್ತಾಳೆ, ಅಲ್ಲಿಂದ ಮುಂದೆ ಆ ಹಾಡು ಅವಳದು. ಇವತ್ತು ತಲೆಯಾಡಿಸಿದರೆ ಸಾಯುವತನಕ ಪ್ರತಿ ಮಾರ್ಟಿನ್ ಹಬ್ಬಕ್ಕೂ ಆ ಬಿಳಿ ವಸ್ತ್ರ ಅವಳ ಮೇಜಿಗೇ ಬರುತ್ತದೆ. ಅವಳ ಹೆಣದ ಹಿಂದೆಯೂ ಅದನ್ನೇ ನುಡಿಸುತ್ತಾರೆ. ಬೇಡವೆನ್ನಬೇಕಾದರೆ ಇವತ್ತೇ ಅನ್ನಬೇಕು, ಊರೆಲ್ಲ ಎದ್ದು ನಿಂತಿರುವಾಗ. ಸುಮ್ಮನೆ ಬೇಡವೆಂದರೆ ಸಾಲದು. ಅದರ ಜಾಗಕ್ಕೆ ಇನ್ನೊಂದನ್ನು ಹೇಳಬೇಕು. ಅವಳಿಗೆ ಇನ್ನೊಂದು ಇರಲಿಲ್ಲ.

ಸಭಾಮನೆಯಲ್ಲಿ ಒಲೆಯ ಹತ್ತಿರದ ಮೇಜು ಅವರದು. ಪಕ್ಕದ ಮೇಜಿನಲ್ಲಿ ಮೆತೋದನ ತಮ್ಮ ವಾವ್ರಾ, ಅವನ ಹೆಂಡತಿ ಅನೆಷ್ಕಾ. ವಾವ್ರಾ ಮದುವೆಯಾದ ಮೇಲೆ ಹೊಸಬೀದಿಯಲ್ಲಿ ಮನೆ ಕಟ್ಟಿಕೊಂಡಿದ್ದ. ಮನೆಯ ಹಾಡು ಹಿರಿಯನಿಗೆ ಹೋಗುತ್ತದೆ. ಕಿರಿಯನಿಗೆ ಹ್ಯೂಬರ್ಟ್ ಆ ವರ್ಷ ಕೈಗೆ ಬಂದದ್ದನ್ನು ನುಡಿಸುತ್ತಿದ್ದ. ಜನ ಅದನ್ನು ಬಾಡಿಗೆ ಹಾಡು ಎಂದು ಕರೆದು ವಾವ್ರಾನನ್ನು ಗೋಳುಹೊಯ್ದುಕೊಳ್ಳುತ್ತಿದ್ದರು.

"ಏನ್ ವಾವ್ರಾ, ಈ ವರ್ಷ ಯಾರ ಮನೇದು ಬಾಡಿಗೆಗೆ ತಗೊಂಡಿದೀಯಾ?" ಎಂದಳು ಫಿಲೋಮೆನಾ.

"ನಿಮ್ಮನೇದು ಬೇಡ. ಅದನ್ನ ಹಾಡಿದೋರಿಗೆಲ್ಲ ಬಾಯಿ ದೊಡ್ಡದಾಗುತ್ತೆ."

"ಅಕ್ಕ, ಕೂತ್ಕೊಳ್ಳಿ, ಒಲೆ ಕಡೆ ಬನ್ನಿ," ಎಂದು ಅನೆಷ್ಕಾ ಕುರ್ಚಿ ಸರಿಸಿದಳು.

ಹೆಬ್ಬಾತಿನ ಕತ್ತು, ಗುಂಡಿಗೆ ಬೇಯಿಸಿದ ಸಾರು ಬಂತು. ಹೊಸ ವೈನ್ ಬಂತು. ಅದು ಇನ್ನೂ ಕೊಂಚ ಮಸುಕಾಗಿತ್ತು, ಬೇಸಿಗೆ ಮಳೆ ಹೆಚ್ಚಾಗಿದ್ದರಿಂದ ಹುಳಿಯೂ ಇತ್ತು. ಜನ ಕುಡಿದು ಮುಖ ಕಿವಿಚಿ, ಒಳ್ಳೆಯದಿದೆ ಎಂದರು. ವಾದ್ಯದವರು ಬಾಗಿಲ ಕಡೆಯಿಂದ ಶುರು ಮಾಡಿದ್ದರು. ಮೊದಲು ಕಮ್ಮಾರನ ಮೇಜು, ಹೊಳೆಯಲ್ಲಿ ಮುಳುಗಿದ ಕೊಡಲಿಯ ಹಾಡು. ಆಮೇಲೆ ಪೀಪಾಯಿ ಮಾಡುವವರ ಮನೆಯದು, ಮೂರು ಪದ್ಯದ ತುಂಬ ಬರಿ ಬಾಯಾರಿಕೆ. ರೊಜಾಲಿಯಾ ಸಾರು ಕುಡಿಯುತ್ತ ಒಂದೊಂದೇ ಹಾಡನ್ನು ಮನಸ್ಸಿನಲ್ಲಿ ಎತ್ತಿ ನೋಡಿದಳು. ಸೈನ್ಯಕ್ಕೆ ಹೋದ ಹುಡುಗನದು ಫಿಲೋಮೆನಾಳ ಮನೆಯದು. ಸೇಬಿನ ಮರದ್ದು ಗಂಟೆ ಬಾರಿಸುವವರದು. ತವರಿನದು ಅಣ್ಣನ ಮಗನ ಹತ್ತಿರ ಇದೆ, ಅವನು ಅದೋ ಅಲ್ಲಿ ಕೂತು ಎಲುಬು ಚೀಪುತ್ತಿದ್ದಾನೆ. ಗೊತ್ತಿದ್ದ ಹಾಡಿಗೆಲ್ಲ ಒಬ್ಬೊಬ್ಬ ಗಂಡಸು ಬೇಲಿ ಹಾಕಿಕೊಂಡಿದ್ದ. ಚರ್ಚಿನ ಹಾಡುಗಳಿದ್ದವು, ಅವು ದೇವರವು.

ಹೆಬ್ಬಾತು ಬಂತು. ಕೆಂಪು ಕೋಸು, ಆಲೂಗಡ್ಡೆ ಕಡುಬು, ಮೇಲೆ ಹೊಳೆಯುವ ಕೊಬ್ಬು. ಅವಳ ಪಾಲಿಗೆ ಬಂದ ತುಂಡಿನಲ್ಲಿ ರೆಕ್ಕೆಯೂ ಇತ್ತು. ರೆಕ್ಕೆಯ ಸಂದಿಯಲ್ಲಿ ಕೀಳದೆ ಬಿಟ್ಟ ಸಣ್ಣ ಪುಕ್ಕವೊಂದು ಹುರಿದು ಕಂದಾಗಿ ಅಂಟಿಕೊಂಡಿತ್ತು.

"ನೋಡೇ ಇಲ್ಲಿ," ಎಂದು ಅವಳು ಫಿಲೋಮೆನಾಗೆ ತೋರಿಸಿದಳು. "ಯಾರು ಕಿತ್ತಿದ್ದು ಇದನ್ನ?"

"ಈಗಿನ ಹುಡುಗೀರು. ನಮ್ಮತ್ತೆ ಇದ್ದಿದ್ರೆ ಬೆರಳು ಮುರೀತಿದ್ಳು."

ರೊಜಾಲಿಯಾ ಪುಕ್ಕವನ್ನು ಉಗುರಿನಿಂದ ಎಳೆದು ತಟ್ಟೆಯ ಅಂಚಿಗಿಟ್ಟಳು. ಅದನ್ನು ನೋಡುತ್ತಿದ್ದಂತೆ ಗರಿ ಬಿಡಿಸುವ ಸಂಜೆಗಳು ನೆನಪಿಗೆ ಬಂದವು. ಈ ಹಬ್ಬ ಕಳೆದು ಹಿಮ ಬಿದ್ದ ಮೇಲೆ ಬೀದಿಯ ಹೆಂಗಸರೆಲ್ಲ ಒಂದೊಂದು ದಿನ ಒಂದೊಂದು ಮನೆಯಲ್ಲಿ ಸೇರುತ್ತಿದ್ದರು. ಮೇಜಿನ ಮೇಲೆ ಬೆಟ್ಟದಷ್ಟು ಹೆಬ್ಬಾತಿನ ಗರಿ. ಒಂದೊಂದು ಗರಿಯ ಕಡ್ಡಿಯಿಂದ ಎರಡೂ ಬದಿಯ ನವಿರನ್ನು ಸಿಪ್ಪೆಯ ಹಾಗೆ ಎಳೆದು ಬಿಡಿಸಬೇಕು, ಮದುಮಗಳ ಹಾಸಿಗೆ ದಿಂಬಿಗೆ. ಅಲ್ಲಿ ಸೀನುವಂತಿಲ್ಲ, ಜೋರಾಗಿ ನಗುವಂತಿಲ್ಲ, ಉಸಿರು ಬಿಟ್ಟರೆ ಗರಿ ಹಾರುತ್ತದೆ. ಹಾಡುತ್ತಿದ್ದದ್ದೂ ಹಾಗೆಯೇ, ತುಟಿಯ ಒಳಗೇ, ಪಕ್ಕದವಳಿಗೆ ಕೇಳಿದರೆ ಸಾಕು ಎನ್ನುವಷ್ಟು. ಆ ಹಾಡು ಯಾವ ಮನೆಯದೂ ಆಗಿರಲಿಲ್ಲ. ಅದಕ್ಕೆ ಯಾರೂ ಪಿಟೀಲು ಹಿಡಿದಿರಲಿಲ್ಲ. ಪಿಟೀಲಿನವರನ್ನು ಆ ಕೋಣೆಯೊಳಗೆ ಬಿಡುತ್ತಲೇ ಇರಲಿಲ್ಲ.

ಅಷ್ಟರಲ್ಲಿ ಹ್ಯೂಬರ್ಟ್ ಅವಳ ಮೇಜಿನ ಮುಂದೆ ಬಂದು ನಿಂತ. ಅವನಿಗೇ ಅರವತ್ತರ ಹತ್ತಿರ, ಆದರೂ ಊರಿನ ಹಿರಿಯರೆಲ್ಲ ಅವನಿಗೆ ಇನ್ನೂ ಚಿಕ್ಕಪ್ಪ, ಚಿಕ್ಕಮ್ಮ. ಗಲ್ಲದ ಕೆಳಗೆ ಪಿಟೀಲಿನ ಕಪ್ಪು ಗುರುತು ಹುಟ್ಟುಮಚ್ಚೆಯ ಹಾಗಿತ್ತು. ಅವನು ತಲೆ ಬಗ್ಗಿಸಿದ. ಹಿಂದೆ ಕುರ್ಚಿಗಳು ಕಿರುಗುಟ್ಟಿದವು. ಮೇಜು ಮೇಜಾಗಿ ಜನ ಏಳುತ್ತಿದ್ದರು. ಫಿಲೋಮೆನಾ ಆಗಲೇ ಮೂಗು ಒರೆಸಿಕೊಳ್ಳುತ್ತಿದ್ದಳು. ಕಮಾನು ಮೇಲೆದ್ದಿತು.

"ಅದು ಬೇಡ," ಎಂದಳು ರೊಜಾಲಿಯಾ.

ಹ್ಯೂಬರ್ಟನಿಗೆ ಕೇಳಿಸಲಿಲ್ಲ, ಇಲ್ಲವೇ ಕೇಳಿಸಿದ್ದನ್ನು ನಂಬಲಿಲ್ಲ. "ಏನ್ ಚಿಕ್ಕಮ್ಮ?"

"ಅದು ಬೇಡ ಅಂದೆ. ಎಲ್ರೂ ಕೂತ್ಕೊಳ್ಳಿ, ಊಟ ಆರೋಗುತ್ತೆ."

ಯಾರೂ ಕೂರಲಿಲ್ಲ. ಅರ್ಧ ಎದ್ದವರು ಅರ್ಧದಲ್ಲೇ ನಿಂತರು. ಹ್ಯೂಬರ್ಟ್ ತಗ್ಗಿದ ದನಿಯಲ್ಲಿ, "ಇದು ಚಿಕ್ಕಪ್ಪನ ಹಾಡು. ಊರಿನೋರು ಅವನಿಗೋಸ್ಕರ ಎದ್ದಿದಾರೆ," ಎಂದ.

"ಗೊತ್ತು. ಒಳ್ಳೇದಾಯ್ತು, ಎದ್ರಿ. ಅವನಿಗೆ ಅಷ್ಟು ಸಾಕು. ಈಗ ಮೇಜಲ್ಲಿ ಕೂತಿರೋಳು ನಾನು, ನನ್ನ ಕೇಳು."

ಹ್ಯೂಬರ್ಟ್ ಜೀವಮಾನದಲ್ಲಿ ಯಾವ ಮೇಜನ್ನೂ ಕೇಳಿದವನಲ್ಲ. ಅವನು ಕ್ಲಾರಿನೆಟ್ಟಿನವನನ್ನು ನೋಡಿದ, ಅವನು ನೆಲ ನೋಡಿದ. "ಹಾಗಾದ್ರೆ," ಎಂದ ಕೊನೆಗೆ, "ಯಾವ್ದು ಬೇಕು ಚಿಕ್ಕಮ್ಮ?"

"ಗರಿ ಬಿಡಿಸೋವಾಗಿಂದು."

"ಹಂಗಂದ್ರೆ?"

"ನಿಮ್ಮಮ್ಮನ್ನ ಕೇಳಬೇಕಿತ್ತು ಕಣಪ್ಪ, ಈಗ ಆಗಲ್ಲ," ಎಂದಳು ಫಿಲೋಮೆನಾ. ಅವಳು ಮೂಗು ಒರೆಸುವುದನ್ನು ನಿಲ್ಲಿಸಿದ್ದಳು.

ರೊಜಾಲಿಯಾ ಏಳಲಿಲ್ಲ. ವಾದ್ಯದವರ ಮುಂದೆ ಎದ್ದು ನಿಂತು ಹಾಡುವುದು ಗಂಡಸರ ಪದ್ಧತಿ. ಅಲ್ಲದೆ ಆ ಹಾಡನ್ನು ಕೂತೇ ಹಾಡಬೇಕು. ಅವಳು ಮುಳ್ಳುಚಮಚ ಕೆಳಗಿಟ್ಟು, ತಟ್ಟೆಯನ್ನು ನೋಡುತ್ತ ಶುರು ಮಾಡಿದಳು.

ಗರಿಯೇ ಗರಿಯೇ ಮೆಲ್ಲಗೆ ಬಾ,
ಬಾಗಿಲು ಹಾಕಿದೆ, ಗಾಳಿಯಿಲ್ಲ.
ಯಾರ ದಿಂಬಿಗೆ ಹೋಗುವೆ ನೀನು,
ಕೇಳುವವರು ಯಾರೂ ಇಲ್ಲ.

ಎರಡು ಮೇಜಿನಾಚೆಗೆ ಅದು ಕೇಳಿಸುವಂತಿರಲಿಲ್ಲ. ದೂರದವರು ಕೇಳಿಸದೆ ಇದ್ದದ್ದಕ್ಕೇ ಸುಮ್ಮನಾದರು. ಹ್ಯೂಬರ್ಟ್ ಬಗ್ಗಿ ಕಿವಿ ಕೊಟ್ಟ. ದನಿ ಹಿಡಿಯಲು ಎರಡು ಸಲ ತಂತಿ ಮುಟ್ಟಿದ, ಎರಡು ಸಲವೂ ಬಿಟ್ಟ. ಎರಡನೆಯ ಪದ್ಯಕ್ಕೆ ಫಿಲೋಮೆನಾ ಸೇರಿಕೊಂಡಳು. ಗಂಟೆ ಬಾರಿಸುವವರ ಮೇಜಿನಿಂದ ಒಬ್ಬಳು, ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತವಳೊಬ್ಬಳು, ಅನೆಷ್ಕಾ. ಗೋಡೆಯ ಬಳಿ ಸಿಂಬಲಮ್ಮಿನ ಹೆಂಗಸು ಕೋಲುಗಳನ್ನು ಬದಿಗಿಟ್ಟು ಬೆರಳಿನಿಂದಲೇ ತಂತಿ ಮೀಟಿದಳು. ವಯಸ್ಸಾದ ಹೆಂಗಸರ ಕೈಗಳು ತಮ್ಮಷ್ಟಕ್ಕೇ ಮೇಜಿನ ಮೇಲೆ ಬಂದು, ಹೆಬ್ಬೆರಳು ತೋರುಬೆರಳು ಸೇರಿಸಿ, ಇಲ್ಲದ ಗರಿಯನ್ನು ಎಳೆದು ಬಿಡಿಸುತ್ತಿದ್ದವು. ಗಂಡಸರು ತಮ್ಮ ಮನೆಯ ಹೆಂಗಸರನ್ನು ನೋಡುತ್ತ, ಕೈ ಎಲ್ಲಿಡಬೇಕೆಂದು ತಿಳಿಯದೆ ನಿಂತಿದ್ದರು. ಕೆಲವರು ಕೂತರು.

ಆಗ ಹೊರಗೆ ಸಿಗರೇಟು ಸೇದಲು ಹೋಗಿದ್ದ ಕಮ್ಮಾರ ಬಾಗಿಲು ಪೂರಾ ತೆರೆದುಕೊಂಡು ಒಳಗೆ ಬಂದ. ತಣ್ಣನೆಯ ಗಾಳಿ ನುಗ್ಗಿತು. ಹೆಂಗಸರೆಲ್ಲ ಒಟ್ಟಿಗೆ ಎರಡೂ ತೋಳು ಬಳಸಿ ಮೇಜನ್ನು ಮುಚ್ಚಿಕೊಂಡರು.

"ಬಾಗ್ಲು ಹಾಕೋ ಮುಂಡೇದೇ," ಎಂದರು ನಾಲ್ಕಾರು ಜನ ಒಂದೇ ದನಿಯಲ್ಲಿ.

ಕಮ್ಮಾರ ಹಾಕಿದ. ತಾನು ಮಾಡಿದ ತಪ್ಪೇನೆಂದು ಅವನಿಗೆ ತಿಳಿಯಲಿಲ್ಲ. ಕಾಗದದ ಕೈವಸ್ತ್ರಗಳು ಮಾತ್ರ ಒಂದೆರಡು ಹಾರಿ ಬಿದ್ದಿದ್ದವು. ಹೆಂಗಸರು ತಮ್ಮ ತೋಳು ತಾವೇ ನೋಡಿಕೊಂಡು ನಗತೊಡಗಿದರು. ಹಾಡು ಅಲ್ಲಿಗೇ ಹರಿದುಹೋಯಿತು. ಅದನ್ನು ಮುಗಿಸಬೇಕೆಂದು ಯಾರಿಗೂ ಅನ್ನಿಸಲಿಲ್ಲ. ಗರಿ ಬಿಡಿಸುವಾಗಲೂ ಅದು ಮುಗಿಯುತ್ತಿದ್ದದ್ದು ಹೀಗೆಯೇ.

ಹ್ಯೂಬರ್ಟ್ ಬೆವರು ಒರೆಸಿಕೊಂಡ. "ಮುಂದಿನ ವರ್ಷಕ್ಕೆ ಕಲೀತೀನಿ ಚಿಕ್ಕಮ್ಮ."

"ಕಲಿ. ಆದ್ರೆ ಮೆತ್ತಗೆ ನುಡಿಸ್ಬೇಕು."

ಅವನು ಪಕ್ಕದ ಮೇಜಿಗೆ ತಿರುಗಿದ. ವಾವ್ರಾ ಲೋಟ ಹಿಡಿದು ಎದ್ದು ನಿಂತಿದ್ದ. ಅವನು ಹ್ಯೂಬರ್ಟನನ್ನು ನೋಡದೆ ರೊಜಾಲಿಯಾಳನ್ನು ನೋಡಿದ.

"ಅತ್ತಿಗೆ, ಅಣ್ಣನ ಹಾಡು ಈಗ ಯಾರ್ದೂ ಅಲ್ಲ ಅಂತಾದ್ರೆ... ನಾನೂ ಅದೇ ಮನೇಲಿ ಹುಟ್ದೋನು."

ಇದನ್ನು ಕೇಳಲು ಅವನು ಎಷ್ಟು ವರ್ಷದಿಂದ ಕಾದಿದ್ದನೋ. ಸಭೆ ಮತ್ತೆ ಅವಳ ಕಡೆ ತಿರುಗಿತು. ರೊಜಾಲಿಯಾ ಕೋಸನ್ನು ನುಂಗಿ, ಬಾಯಿ ಒರೆಸಿಕೊಂಡಳು.

"ತಗೋ ವಾವ್ರಾ. ಮನೇಲಿ ಸುಮ್ನೆ ಬಿದ್ದಿತ್ತು."

ವಾವ್ರಾ ಎಡಗೈಯನ್ನು ಅಣ್ಣನ ಹಾಗೆಯೇ ಸೊಂಟಕ್ಕಿಟ್ಟ. ಆತುರಕ್ಕೆ ತೀರ ಮೇಲಿನ ಶ್ರುತಿಯಲ್ಲಿ ಎತ್ತಿಕೊಂಡ. ಬಿಳಿ ವಸ್ತ್ರದ ಹತ್ತಿರ ಬರುವ ಹೊತ್ತಿಗೆ ಗಂಟಲು ಒಡೆಯಿತು, ಉಳಿದವರು ಕೈಹಿಡಿದು ದಾಟಿಸಿದರು. ಜನ ಎದ್ದು ನಿಂತರು, ಮೆತೋದನಿಗೂ ಆಯಿತು ವಾವ್ರಾನಿಗೂ ಆಯಿತು ಎನ್ನುವ ಹಾಗೆ. ಆ ಸಾಲಿಗೆ ಊರೆಲ್ಲ ಅನೆಷ್ಕಾಳ ಕಡೆ ತಿರುಗಿ ನಕ್ಕಿತು. ಅನೆಷ್ಕಾ ಕೆಂಪಾಗಿ, ಅವಳೂ ನಕ್ಕಳು.

ರೊಜಾಲಿಯಾ ಕಡುಬನ್ನು ಕೊಬ್ಬಿನಲ್ಲಿ ಅದ್ದಿ ತಿನ್ನುತ್ತ ಕೇಳಿದಳು. ಮದುವೆಯಾದಂದಿನಿಂದ ಆ ಹಾಡಿಗೆ ಮುಖ ಸಿದ್ಧ ಮಾಡಿಕೊಳ್ಳದೆ ಕೂತದ್ದು ಇದೇ ಮೊದಲು. ರಾಗ ಚೆನ್ನಾಗಿತ್ತು. ಹಳ್ಳ ದಾಟುವ ಜಾಗದಲ್ಲಿ ಕ್ಲಾರಿನೆಟ್ ಒಂದು ಸಲ ಜಾರಿ ಮೇಲೇರುತ್ತದೆ, ಅದನ್ನು ಅವಳು ಇಷ್ಟು ವರ್ಷ ಗಮನಿಸಿರಲಿಲ್ಲ.

"ಅಳ್ತಿದೀಯೇನೇ?" ಎಂದು ಫಿಲೋಮೆನಾ ಬಗ್ಗಿ ನೋಡಿದಳು.

"ಇಲ್ವೇ. ಈ ರೆಕ್ಕೆ ನೀನು ತಿಂತೀಯಾ? ಇನ್ನೊಂದು ಪುಕ್ಕ ಇದೆ ಇದ್ರಲ್ಲಿ."