ಒಂದೇ ಸಾಕು ಅಂದವನು

ಗೋಡೆಯ ಮೇಲಿನ ಮಗು ನಗುತ್ತಲೇ ಇದೆ, ಬೆಳ್ಳಗೆ, ಗುಂಡಗೆ, ನೀಲಿ ಕಣ್ಣು, ನಮ್ಮ ಚಿತ್ರದುರ್ಗದ ಕಡೆ ಹುಟ್ಟುವ ಮಗುವಲ್ಲ ಅದು, ಅದರ ಪಕ್ಕದಲ್ಲಿ ಉಣ್ಣೆಯ ಟೋಪಿ ಹಾಕಿಕೊಂಡು ಬುಟ್ಟಿಯಲ್ಲಿ ಮಲಗಿದ ಇನ್ನೊಂದು, ಔಷಧಿ ಕಂಪನಿಯ ಕ್ಯಾಲೆಂಡರಿನಲ್ಲಿ ಮೂರು, ಸ್ಕ್ಯಾನಿಂಗ್ ರೂಮಿನ ಬಾಗಿಲಿಗೆ ಅಂಟಿಸಿದ ಅವಳಿ ಎರಡು — ಏಳಾಯಿತು, ಈ ಬೆಂಚಿನಿಂದ ಕಾಣುವಷ್ಟರಲ್ಲೇ ಏಳು, ಎಣಿಸುವುದು ನನ್ನ ಚಟ, ಬಸ್ಸಿನಲ್ಲಿ, ಮದುವೆ ಊಟದ ಸಾಲಿನಲ್ಲಿ, ಸಾವಿನ ಮನೆಯಲ್ಲೂ ತಲೆ ಎಣಿಸುತ್ತೇನೆ, ಇಷ್ಟು ಜನ ಬೆಳಗ್ಗೆಯಿಂದ ಎಷ್ಟು ಬಿಂದಿಗೆ ನೀರು ಮುಗಿಸಿರಬಹುದು ಅಂತ ಗುಣಿಸುತ್ತೇನೆ, ಪಿಯು ಕಾಲೇಜಿನ ಜೀವಶಾಸ್ತ್ರದ ಮೇಷ್ಟ್ರಿಗೆ ಹಿಡಿಯುವ ರೋಗ. ಎಡಕ್ಕೆ ಹೆಂಡತಿ, ಬಲಕ್ಕೆ ಅವ್ವ, ನಡುವೆ ನಾನು. ರೀ, ಆ ಬುಟ್ಟೀಲಿರೋ ಮಗು ನೋಡ್ರಿ, ಎಷ್ಟು ಚೆನ್ನಾಗೈತೆ, ಅಂದಳು ಜಯಶೀಲಾ, ನೋಡಿದೆ, ಹೂಂ ಅಂದೆ. ಇವತ್ತು ಅವಳಿಗೆ ಡೈ ಟೆಸ್ಟ್, ಗರ್ಭನಾಳದೊಳಗೆ ಔಷಧಿ ನೀರು ನುಗ್ಗಿಸಿ ಎಕ್ಸ್‌ರೇ ತೆಗೆಯುತ್ತಾರೆ, ಎಲ್ಲಿ ಕಟ್ಟಿಕೊಂಡಿದೆ ಅಂತ ನೋಡಲಿಕ್ಕೆ, ಸ್ವಲ್ಪ ನೋವಾಗುತ್ತದೆ ಅಂದಿದ್ದಾರೆ ಡಾಕ್ಟರಮ್ಮ, ಸ್ವಲ್ಪ ಅಂದ್ರೆ ಎಷ್ಟು ಅಂತ ನಿನ್ನೆಯಿಂದ ನಾಲ್ಕು ಸಲ ನನ್ನನ್ನು ಕೇಳಿದ್ದಾಳೆ, ಮೇಷ್ಟ್ರಲ್ಲವೇ, ಗೊತ್ತಿರಬೇಕು. ಅವಳಲ್ಲಿ ಎಲ್ಲೂ ಕಟ್ಟಿಕೊಂಡಿಲ್ಲ. ಕಟ್ಟಿರುವುದು ನನ್ನಲ್ಲಿ, ಮೂರು ವರ್ಷದ ಹಿಂದೆ, ಆಪರೇಷನ್ ಮಾಡಿಸಿಕೊಂಡು ಬಂದೆ, ಅವಳಿಗೆ ಹೇಳದೆ. ಹತ್ತೂವರೆಗೆ ಒಳಗೆ ಕರೆಯುತ್ತಾರೆ, ಗಡಿಯಾರದಲ್ಲಿ ಹತ್ತೂ ಹತ್ತು, ಒಂದು ವಾಕ್ಯ ಸಾಕು, ಜಯಾ, ಏಳು, ಈ ಟೆಸ್ಟ್ ಬೇಡ, ತಪ್ಪು ನನ್ನದು, ಮೂವರೂ ಎದ್ದು ಹಿರಿಯೂರಿಗೆ ವಾಪಸು ಹೋಗಬಹುದು, ವಾಕ್ಯವನ್ನು ನಾಲಿಗೆಯ ಮೇಲೆ ಇಟ್ಟುಕೊಂಡೇ ಕುಳಿತಿದ್ದೇನೆ, ಭಯವೂ ಆಗುತ್ತಿಲ್ಲ, ಏನಾದರೂ ಆಗಬೇಕಲ್ಲ, ಏನೂ ಆಗುತ್ತಿಲ್ಲ.

ಹೂಂ ಅನ್ನುವುದರಿಂದಲೇ ಇಷ್ಟೆಲ್ಲ ಆಗಿದ್ದು. ಸ್ವಾತಿ ಹುಟ್ಟಿದಾಗ ಒಂದೇ ಸಾಕು ಅಂದಿದ್ದೆ, ಹೆಣ್ಣಾಯಿತು ಅಂತ ಅವ್ವ ಮುಖ ಊದಿಸಿಕೊಂಡಿದ್ದಾಗಲೇ ಅಂದಿದ್ದೆ, ಟ್ಯಾಂಕರ್ ಹಾರನ್ ಕೇಳಿದರೆ ನಮ್ಮ ಬೀದಿಯ ಹೆಂಗಸರು ಕೊಡ ಹಿಡಿದು ಓಡುತ್ತಿದ್ದ ಬೇಸಿಗೆ ಅದು, ಇರೋರಿಗೇ ನೀರಿಲ್ಲ, ಇನ್ನೊಂದನ್ನು ತಂದು ಎಲ್ಲಿಡ್ತೀಯಾ ಅಂತ ಹಾಲಿನವನ ಚೀಟಿಯ ಹಿಂಬದಿಯಲ್ಲಿ ಗ್ರಾಫು ಬರೆದು ಜಯಶೀಲಾಗೆ ತೋರಿಸಿದೆ, ಗೆರೆ ಮೇಲೆ ಮೇಲೆ ಹೋಗಿ ಒಂದು ಕಡೆ ದಬಕ್ಕನೆ ಬೀಳುವ ಗ್ರಾಫು, ಅವಳು ಬಾಣಂತಿ, ಕಿವಿಗೆ ಹತ್ತಿ ಇಟ್ಟುಕೊಂಡಿದ್ದಳು, ಎಷ್ಟು ಕೇಳಿಸಿತೋ, ಆತು ಬಿಡ್ರಿ ಅಂದಳು, ಕಾಪರ್‌ಟಿ ಹಾಕಿಸಿಕೊಂಡು ಬಂದಳು, ನಮ್ಮ ಕಡೆ ವಂಕಿ ಅನ್ನುತ್ತಾರೆ ಅದಕ್ಕೆ. ನಾಲ್ಕು ವರ್ಷ ನಾನು ನೀರಿಲ್ಲ ನೀರಿಲ್ಲ ಅಂದೆ, ಅವಳು ಹೌದು ಅಂದಳು, ಆಮೇಲೆ ಮಾರಿಕಣಿವೆ ಕೋಡಿ ಬಿತ್ತು. ಎಂಬತ್ತೊಂಬತ್ತು ವರ್ಷದ ಮೇಲೆ, ಯಾರು ಅಂದುಕೊಂಡಿದ್ದರು, ಇಡೀ ತಾಲ್ಲೂಕು ಬುತ್ತಿ ಕಟ್ಟಿಕೊಂಡು ಡ್ಯಾಮು ನೋಡಲಿಕ್ಕೆ ಹೊರಟಿತು, ನಾವೂ ಹೊರಟೆವು, ಸ್ವಾತಿ ನನ್ನ ಹೆಗಲ ಮೇಲೆ ಕುಳಿತು ಕೂದಲು ಹಿಡಿದುಕೊಂಡಿದೆ, ನೀರು ಬೆಳ್ಳಗೆ ಧುಮುಕುತ್ತಿದೆ, ಮಂಡಕ್ಕಿ ಮೆಣಸಿನಕಾಯಿ ಗಾಡಿಗಳು, ಪೊಲೀಸರ ಸೀಟಿ, ಜಯಶೀಲಾ ನನ್ನ ತೋಳು ಜಗ್ಗಿ ಕಿವಿಯ ಹತ್ತಿರ ಕೂಗುತ್ತಾಳೆ, ನೀರಿನ ಸದ್ದಿಗೆ ಕೂಗಲೇಬೇಕಿತ್ತು, ನೀರಿಲ್ಲ ನೀರಿಲ್ಲ ಅಂತಿದ್ರಲ್ಲ, ನೋಡ್ರಿ ಈಗ, ಸ್ವಾತಿಗೆ ಜೊತೆಗೊಂದು ಬೇಕು ಕಣ್ರಿ. ಡ್ಯಾಮು ತುಂಬುವುದು ಬೇರೆ, ಭೂಮಿ ತುಂಬುವುದು ಬೇರೆ ಅನ್ನಬೇಕಿತ್ತು, ಈ ವರ್ಷ ತುಂಬಿದ್ದು ಬರುವ ವರ್ಷಕ್ಕಿಲ್ಲ ಅನ್ನಬೇಕಿತ್ತು, ಏನೂ ಬೇಡ, ನನಗೆ ಇಷ್ಟವಿಲ್ಲ ಅಂದಿದ್ದರೂ ಸಾಕಿತ್ತು, ಜಗಳ ಆಗುತ್ತಿತ್ತು, ಎರಡು ದಿನ ಮಾತು ಬಿಡುತ್ತಿದ್ದಳು, ಅವಳ ಮುಖದ ತುಂಬ ತುಂತುರು, ಮದುವೆಯ ದಿನವೂ ಅಷ್ಟು ಸಂತೋಷದಲ್ಲಿ ನಾನು ಅವಳನ್ನು ನೋಡಿರಲಿಲ್ಲ, ಹೂಂ ಅಂದೆ. ಮರುವಾರ ಹೋಗಿ ವಂಕಿ ತೆಗೆಸಿಕೊಂಡು ಬಂದಳು.

ಏಪ್ರಿಲ್‌ವರೆಗೆ ತಲೆನೋವು, ಪರೀಕ್ಷೆ, ಸಿಲಬಸ್ ಮುಗಿದಿಲ್ಲ ಅಂತ ತಪ್ಪಿಸಿಕೊಂಡೆ, ಏಪ್ರಿಲ್‌ನಲ್ಲಿ ಮೌಲ್ಯಮಾಪನಕ್ಕೆ ಅಂತ ಬೆಂಗಳೂರಿಗೆ ಹೋದವನು ಒಂದು ದಿನ ರಜೆ ಹಾಕಿ ಅಲ್ಲಿನ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ಮಲಗಿದೆ, ಡಾಕ್ಟರು ಮರಗಟ್ಟುವ ಸೂಜಿ ಚುಚ್ಚಿ, ಮುಟ್ಟಿ, ಗೊತ್ತಾಗ್ತಿದೆಯಾ ಅಂದರು, ಇಲ್ಲ ಅಂದೆ, ಮನೆಯವರಿಗೆ ಗೊತ್ತಿದೆಯಾ ಅಂದರು, ಹೂಂ ಅಂದೆ, ಇಪ್ಪತ್ತು ನಿಮಿಷದ ಕೆಲಸ, ಹೊರಗೆ ಬಂದು ಕಬ್ಬಿನ ಹಾಲು ಕುಡಿದೆ, ಎದೆ ಉಬ್ಬಿತ್ತು, ಭೂಮಿಯ ತಲೆಯ ಮೇಲಿಂದ ಒಂದು ಮೂಟೆ ಇಳಿಸಿದವನ ಹಾಗೆ ಬಸ್‌ಸ್ಟ್ಯಾಂಡಿನವರೆಗೆ ನಿಧಾನ ನಡೆದೆ. ಮೂರು ತಿಂಗಳ ಮೇಲೆ ಮತ್ತೆ ಹೋಗಿ ವೀರ್ಯ ಪರೀಕ್ಷೆ ಮಾಡಿಸಿದೆ, ಸೊನ್ನೆ, ಒಂದು ಜೀವಾಣುವೂ ಇಲ್ಲ, ಆಮೇಲೆ ತಲೆನೋವು ಬಿಟ್ಟೆ. ಅವಳು ಪ್ರತಿ ತಿಂಗಳು ಕ್ಯಾಲೆಂಡರಿನಲ್ಲಿ ಪೆನ್ಸಿಲಿನಿಂದ ಸಣ್ಣ ಗುರುತು ಹಾಕುತ್ತಾಳೆ, ಆ ತಾರೀಖು ಬಂದು ಹೋದ ಮೇಲೆ ಸ್ವಾತಿಯ ರಬ್ಬರಿನಿಂದ ಅಳಿಸುತ್ತಾಳೆ, ಅಳಿಸಿದ ಕಡೆ ಕಾಗದ ಒರಟಾಗಿರುತ್ತದೆ, ನಾನು ಹಾಲಿನ ಲೆಕ್ಕ ಬರೆಯಲು ಹೋದಾಗ ಪೆನ್ನು ಅಲ್ಲಿ ತಡೆಯುತ್ತದೆ. ಆ ವರ್ಷವೇ ಕ್ಲಾಸಿನಲ್ಲಿ, ಒಂದು ಹುಲ್ಲುಗಾವಲು ಎಷ್ಟು ಜೀವ ತಾಳುತ್ತದೋ ಅಷ್ಟೇ, ಹೆಚ್ಚಾದರೆ ಇರುವವಕ್ಕೂ ಇಲ್ಲ ಅಂತ ಪಾಠ ಮಾಡುತ್ತಿದ್ದೆ, ಧರ್ಮಪುರದಿಂದ ಬಸ್ಸಿಗೆ ಬರುವ ಅನುಸೂಯ ಎದ್ದು ನಿಂತಳು, ಸಾರ್, ನಾನು ನಮ್ಮನೇಲಿ ಐದನೇಳು, ಹಂಗಾದ್ರೆ ಹೆಚ್ಚಾದೋಳು ನಾನೇನಾ ಸಾರ್, ಕ್ಲಾಸು ಗೊಳ್ಳೆಂದಿತು, ನಾನೂ ನಕ್ಕೆ, ಕೂತ್ಕೋ ಕೂತ್ಕೋ ಅಂದೆ, ಅವಳು ನಗಲಿಲ್ಲ, ಕುಳಿತು ಸ್ಕೇಲಿಟ್ಟು ಗ್ರಾಫು ಬರೆದುಕೊಂಡಳು, ಚೆನ್ನಾಗಿಯೇ ಬರೆದಿದ್ದಳು. ಅವರ ಮನೆಯ ಏಳು ಜನ ಎರಡು ಡ್ರಮ್ಮು ನೀರಿನಲ್ಲಿ ದಿನ ಕಳೆಯುತ್ತಾರೆ, ಒಂದೇ ಸಾಕು ಅಂದ ನಾನು ಮನೆ ಕಟ್ಟಿಸಿ ಎಂಟುನೂರು ಅಡಿ ಬೋರು ಕೊರೆಸಿದೆ, ಕಾರು ತಗೊಂಡೆ, ಭಾನುವಾರ ಪೈಪು ಹಿಡಿದು ಅದನ್ನು ತೊಳೆಯುತ್ತೇನೆ, ಜಯಶೀಲಾ ಅಕ್ಕಿ ತೊಳೆದ ನೀರನ್ನು ಎತ್ತಿಟ್ಟು ಮಲ್ಲಿಗೆ ಗಿಡಕ್ಕೆ ಹಾಕುತ್ತಾಳೆ, ಹೆಚ್ಚು ಅಂತ ನಾನು ತೀರ್ಮಾನ ಮಾಡಿದ್ದು ಮಾತ್ರ ಅವಳ ಮಗುವನ್ನು. ನಾಚಿಕೆ ಆಗುತ್ತದೆ, ಹೀಗೆ ಅಂದುಕೊಂಡಾಗ ಆಗುತ್ತದೆ, ಬೇಗ ಆರಿಯೂ ಹೋಗುತ್ತದೆ. ಹತ್ತೂ ಇಪ್ಪತ್ತು.

ಅವ್ವ ಎಲೆಗೆ ಸುಣ್ಣ ಸವರುತ್ತಾ, ವಂಕಿ ಹಾಕಿಸ್ಕಂಡಿದ್ದೇ ಎಡವಟ್ಟಾತು ಕಣಪ್ಪ, ತಾಮ್ರದ ತಂತಿ ಅದು, ಒಳಗೆಲ್ಲ ಸುಟ್ಟೈತೆ, ಅನ್ನುತ್ತಾಳೆ, ನನಗೆ ಹೇಳುವ ಹಾಗೆ, ಆದರೆ ಆಚೆ ಕಡೆ ಕುಳಿತ ಸೊಸೆಗೆ ಕೇಳುವ ಹಾಗೆ. ಜಯಶೀಲಾ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾಳೆ, ಬಿಚ್ಚುತ್ತಾಳೆ, ಅವಳೂ ಅದನ್ನೇ ನಂಬಿದ್ದಾಳೆ. ಹಿರಿಯೂರಿನ ಡಾಕ್ಟರು ಮೊದಲ ದಿನವೇ ಗಂಡನಿಗೂ ಒಂದು ಟೆಸ್ಟ್ ಮಾಡಿಸೋಣ ಅಂದಿದ್ದರು, ಅವ್ವ ಅವರ ಮುಂದೆಯೇ, ಅಯ್ಯ, ಮಗು ಹುಟ್ಟೈತಲ್ರಿ ಡಾಕ್ಟ್ರೇ, ನನ್ನ ಮಗಂಗೇನು ಟೆಸ್ಟು ಅಂದಳು, ಡಾಕ್ಟರು ನಕ್ಕು ಚೀಟಿಯಲ್ಲಿ ಹೆಂಡತಿಯ ಹೆಸರೊಂದನ್ನೇ ಬರೆದರು, ನಾನೂ ನಕ್ಕೆ. ಆಮೇಲೆ ಎರಡು ವರ್ಷ ಮಾತ್ರೆ ನುಂಗಿದವಳು ಅವಳು, ಮುಖ ಊದಿತು, ಬೆಳಗ್ಗೆ ಎದ್ದರೆ ವಾಂತಿ, ಆ ವಾಂತಿಯನ್ನೇ ಒಂದು ತಿಂಗಳು ಬಸಿರು ಅಂದುಕೊಂಡು ಓಡಾಡಿದಳು, ಸೋಮವಾರ ಒಪ್ಪತ್ತು ಊಟ. ಅಪ್ಪನಿಗೆ ಗೊತ್ತಾದರೆ ಏನನ್ನುತ್ತಾನೋ, ಧರ್ಮಪುರದ ಆಚೆ ನಮ್ಮ ಹಟ್ಟಿಯಲ್ಲಿ ಅಪ್ಪ, ಪಾಪಣ್ಣ, ಇನ್ನೂ ಅರವತ್ತು ಕುರಿ ಇಟ್ಟಿದ್ದಾನೆ, ಮೊದಲು ಇನ್ನೂರಿದ್ದವು, ಮೇಯುವ ಕಾವಲು ಕಿರಿದಾದ ಹಾಗೆ ಅವನೂ ಕುರಿ ಕಡಿಮೆ ಮಾಡುತ್ತಾ ಬಂದ, ದೀಪಾವಳಿ ಕಳೆದರೆ, ಕುರಿಗಳನ್ನು ಕೂಡದ ಹಾಗೆ, ಟಗರುಗಳ ಹೊಟ್ಟೆಯ ಕೆಳಗೆ ಗೋಣಿತಾಟು ಕಟ್ಟುತ್ತಾನೆ, ಆ ತಿಂಗಳುಗಳಲ್ಲಿ ಕುರಿ ಗಬ್ಬವಾದರೆ ಮರಿ ಬಿರುಬೇಸಿಗೆಗೆ ಬೀಳುತ್ತವೆ, ಹುಲ್ಲಿರುವುದಿಲ್ಲ, ತಾಯಿಗೆ ಹಾಲಿರುವುದಿಲ್ಲ, ಸಾಯಾಕ್ಯಾಕೆ ಹುಟ್ಬೇಕು ಲೇ ಅನ್ನುತ್ತಾನೆ. ಹುಲ್ಲುಗಾವಲಿನ ಪಾಠ ನಾನು ಕಲಿತದ್ದು ಪುಸ್ತಕದಿಂದಲ್ಲ, ಏಳು ವರ್ಷದವನಿದ್ದಾಗ ಟಗರಿನ ಕೊಂಬು ಹಿಡಿದುಕೊಂಡು ನಿಂತು ಕಲಿತದ್ದು. ಆದರೆ ಅಪ್ಪ ಯುಗಾದಿಗೆ ಅದನ್ನು ಬಿಚ್ಚುತ್ತಾನೆ. ಮತ್ತೆ, ಆ ಗೋಣಿತಾಟು ಎಲ್ಲರ ಕಣ್ಣಿಗೂ ಬೀಳುತ್ತದೆ, ಕುರಿಯ ಕಣ್ಣಿಗೂ ಬೀಳುತ್ತದೆ, ಮೂಸಿ ನೋಡಿ ತನ್ನ ಪಾಡಿಗೆ ಮೇಯಲು ಹೋಗುತ್ತದೆ, ತನ್ನ ಒಳಗೇ ಏನೋ ಸುಟ್ಟು ಹೋಗಿದೆ ಅಂದುಕೊಂಡು ಯಾವ ಕುರಿಯೂ ಸೋಮವಾರ ಒಪ್ಪತ್ತು ಮಾಡುವುದಿಲ್ಲ. ಈಗ ಹೇಳುತ್ತೇನೆ, ಅವ್ವನನ್ನು ನೀರು ತರಲು ಕಳಿಸಿ ಹೇಳುತ್ತೇನೆ, ಅವ್ವನಿಗೆ ಮಂಡಿನೋವು, ಹೇಗೆ ಕಳಿಸಲಿ.

ಜಯಶೀಲಾ ಯಾರಮ್ಮ, ಬನ್ನಿ, ಸಿಸ್ಟರ್ ಬಾಗಿಲಲ್ಲಿ ನಿಂತಿದ್ದಾರೆ, ಇನ್ನೂ ಮೂರು ನಿಮಿಷ ಇದೆಯಲ್ಲ, ಗಡಿಯಾರ ಹಿಂದಿದೆಯೋ ಅವರೇ ಮುಂದಿದ್ದಾರೋ, ಹಸ್ಬೆಂಡ್ ಇಲ್ಲಿ ಸೈನ್ ಮಾಡಿ ಅಂದರು, ಮಾಡಿದೆ, ಪರಮೇಶ್ ಪಿ., ಹಾಜರಿ ಪುಸ್ತಕದಲ್ಲಿ ಮಾಡುವ ಸೈನಿನ ಹಾಗೇ ಬಂತು. ಪಿನ್ನು ಗಿನ್ನು ಇದ್ರೆ ತೆಗೆದಿಡಮ್ಮ, ಎಕ್ಸ್‌ರೇಲಿ ಬರುತ್ತೆ. ಅವಳು ಸೀರೆಯ ನೆರಿಗೆಯಿಂದ ಒಂದು ತೆಗೆದಳು, ಹೆಗಲಿನಿಂದ ಒಂದು, ತಾಳಿಸರಕ್ಕೆ ಸಿಕ್ಕಿಸಿಕೊಂಡಿದ್ದ ನಾಲ್ಕು, ಒಂದೊಂದನ್ನೇ ನನ್ನ ಅಂಗೈಯಲ್ಲಿ ಇಟ್ಟಳು, ಕಳೀಬ್ಯಾಡ್ರಿ, ಇದೊಂದು ಸ್ವಾತಿ ಲಂಗದ್ದು, ಸಾಯಂಕಾಲ ಕೇಳ್ತಾಳೆ. ಹತ್ತಿರ ನಿಂತು, ಅವ್ವನಿಗೆ ಕೇಳದ ಹಾಗೆ, ಸ್ವಲ್ಪ ಅಂದ್ರೆ ಎಷ್ಟ್ರಿ ಅಂದಳು, ಐದನೆಯ ಸಲ. ಇದೇ, ಇದೇ ಜಾಗ, ಇಲ್ಲೇ ಹೇಳಬೇಕು, ಬಾಯಿ ತೆರೆದೆ, ಇಂಜೆಕ್ಷನ್ ಚುಚ್ಚಿದಷ್ಟು ಅಂದೆ. ಹಂಗಾದ್ರೆ ಪರವಾಗಿಲ್ಲ, ಅಂದಳು, ಚಪ್ಪಲಿ ಬಿಟ್ಟು ಒಳಗೆ ಹೋದಳು, ಬಾಗಿಲು ಹಾಕಿಕೊಂಡಿತು.

ಆರು ಪಿನ್ನು. ಮುಷ್ಟಿಯಲ್ಲಿ ಬೆಚ್ಚಗಾಗುತ್ತಿವೆ. ಈಗ ಮಲಗಿಸಿರುತ್ತಾರೆ, ಈಗ ಕಾಲು ಮಡಿಸು ಅಂದಿರುತ್ತಾರೆ, ಬಾಗಿಲು ಬಡಿಯಬಹುದು, ಬಡಿದರೆ ತೆರೆಯುತ್ತಾರೆ, ಬೆಂಚಿನಿಂದ ಬಾಗಿಲಿಗೆ ಆರು ಹೆಜ್ಜೆ, ಎಣಿಸಿ ಆಯಿತು, ಎದ್ದಿಲ್ಲ — ಅವ್ವಾ, ಒಳಗಿನಿಂದ ಕೂಗು, ಅವಳದೇ, ಅವಳು ಹೆರುವಾಗಲೂ ಹಾಗೆ ಕೂಗಿರಲಿಲ್ಲ, ಮತ್ತೊಮ್ಮೆ ಕೇಳಿಸಿತು, ಆಮೇಲೆ ಬಟ್ಟೆ ಕಚ್ಚಿಕೊಂಡಂಥ ಸದ್ದು, ಆಮೇಲೆ ಏನೂ ಇಲ್ಲ. ಪಕ್ಕದಲ್ಲಿ ಅವ್ವ ಎಲೆ ಅಗಿಯುವುದನ್ನು ನಿಲ್ಲಿಸಿದ್ದಾಳೆ, ಕಣ್ಣು ತುಂಬಿದೆ, ನಮ್ಮವ್ವ ಸಿದ್ದಕ್ಕ ಅಂದರೆ ಇಡೀ ಹಟ್ಟಿಗೆ ಗಟ್ಟಿಗಿತ್ತಿ, ಅವಳ ಕಣ್ಣಲ್ಲಿ ನೀರು ನಾನು ಕಂಡಿದ್ದೇ ಕಮ್ಮಿ, ನನ್ನ ಮೊಣಕೈ ಹಿಡಿದು, ಲೇ ಪರಮೇಶ, ಸಾಕು ಕಣಪ್ಪ, ಒಂದೈತಲ್ಲ, ಒಂದೇ ಸಾಕು, ಆ ಹುಡುಗೀನ್ಯಾಕೆ ಇಷ್ಟು ಗೋಳು ಹೊಯ್ಕಳಾದು, ಕರ್ಕಂಡು ಹೋಗಾಣ ನಡಿ ಅನ್ನುತ್ತಾಳೆ. ಎಂಟು ವರ್ಷದ ಹಿಂದೆ ನಾನು ಗ್ರಾಫು ಬರೆದು ಹೇಳಿದ ಮಾತು, ಅವಳಿಗೆ ಒಂದು ಕೂಗು ಕೇಳಿದ್ದಕ್ಕೆ ತಿಳಿಯಿತು, ನಾನು ಹೇಳಿದ್ದು ಇದನ್ನೇ ಅಲ್ಲವಾ ಅವ್ವ, ಅದೇ ಮಾತು, ಆದರೆ ಅವಳು ಹೇಳಿದಾಗ ಅದರೊಳಗೆ ಜಯಶೀಲಾ ಇದ್ದಾಳೆ. ಬಾಗಿಲು ತೆರೆಯಿತು, ಡಾಕ್ಟರಮ್ಮ ಗ್ಲೌಸು ಕಳಚುತ್ತಾ, ಎರಡೂ ಟ್ಯೂಬು ಕ್ಲಿಯರ್ ಇದೆ, ಇವರಲ್ಲಿ ಏನೂ ತೊಂದರೆ ಇಲ್ಲ ಸರ್, ನಿಮ್ಮದೊಂದು ಟೆಸ್ಟ್ ಯಾಕೆ ಇಷ್ಟು ದಿನ ಮಾಡಿಸಿಲ್ಲ, ಇವತ್ತೇ ಕೊಟ್ಟು ಹೋಗಿ ಅಂದರು, ಸಿಸ್ಟರ್ ಮುಚ್ಚಳದ ಮೇಲೆ ನನ್ನ ಹೆಸರು ಬರೆದ ಪ್ಲಾಸ್ಟಿಕ್ ಡಬ್ಬಿ ಕೈಗಿಟ್ಟರು, ಟಾಯ್ಲೆಟ್ ಆ ಕಡೆ ಇದೆ, ಅರ್ಧ ಗಂಟೇಲಿ ರಿಪೋರ್ಟು. ಅರ್ಧ ಗಂಟೆ. ಅಷ್ಟರ ಮೇಲೆ ನಾನು ಹೇಳುವುದೇನೂ ಉಳಿದಿರುವುದಿಲ್ಲ, ಸೊನ್ನೆ ಅಂತ ಕಾಗದವೇ ಹೇಳುತ್ತದೆ, ಯಾಕೆ ಸೊನ್ನೆ ಅಂತ ಡಾಕ್ಟರಮ್ಮ ನನ್ನನ್ನು ಪರೀಕ್ಷಿಸಿ ಅವಳ ಮುಂದೆಯೇ ಹೇಳುತ್ತಾರೆ. ಗೋಡೆ ಹಿಡಿದುಕೊಂಡು ಅವಳು ಬರುತ್ತಿದ್ದಾಳೆ, ಕೂದಲು ಹಣೆಗೆ ಅಂಟಿದೆ, ತುಟಿ ಬಿಳಚಿದೆ, ನಗುತ್ತಿದ್ದಾಳೆ, ರೀ, ನಂದೇನೂ ಇಲ್ವಂತೆ ಕಣ್ರಿ, ಎಲ್ಲಾ ಸರಿ ಐತಂತೆ, ಅತ್ತೆ, ಕೇಳಿದ್ರಾ, ವಂಕಿದೇನೂ ತಪ್ಪಿಲ್ವಂತೆ, ನಂದೇನೂ ತಪ್ಪಿಲ್ವಂತೆ, ಅವ್ವ ಎದ್ದು ಅವಳ ಬೆನ್ನು ಸವರುತ್ತಾಳೆ, ಕುಂತ್ಕಳ್ಳೇ ಮಗ, ಕುಂತ್ಕ, ಅವಳು ಕೂರುವುದಿಲ್ಲ, ನನ್ನ ಕೈಯ ಡಬ್ಬಿ ನೋಡಿದಳು, ನನ್ನ ಮುಖ ನೋಡಿದಳು, ಅಯ್ಯ, ಹೆದರ್ಕಬ್ಯಾಡ್ರಿ, ನಿಮ್ದೂ ಏನೂ ಇರಲ್ಲ, ಹೋಗಿ ಬರ್ರಿ, ನಾನು ಇಲ್ಲೇ ಕುಂತಿರ್ತೀನಿ, ಪಿನ್ನು ಕೊಡ್ರಿ, ಅಂತ ಕೈ ಚಾಚಿದಳು. ಅವಳ ಅಂಗೈಯಲ್ಲಿ ನಾಲ್ಕು ಗುರುತು. ಒಳಗೆ ನೋವಿಗೆ ಮುಷ್ಟಿ ಬಿಗಿಹಿಡಿದಾಗ ಅವಳದೇ ಉಗುರು ಇಳಿದದ್ದು, ನಾಲ್ಕು ಸಣ್ಣ ಕೆಂಪು ಕಮಾನು, ಒಂದರಲ್ಲಿ ರಕ್ತ ಒಸರಿದೆ, ಅವಳು ನೋಡಿಕೊಂಡಿಲ್ಲ, ನಗುತ್ತಾ ಚಾಚಿಯೇ ಇದ್ದಾಳೆ, ನಾನು ನನ್ನ ಮುಷ್ಟಿ ಬಿಚ್ಚಬೇಕು, ಪಿನ್ನು ಅವಳ ಕೈಗೆ ಹಾಕಬೇಕು, ಎಲ್ಲಿ ಹಾಕಲಿ, ಆ ನಾಲ್ಕು ಗುರುತು, ಜಯಾ ಅಂದೆ, ಏನ್ರಿ ಅಂದಳು, ಅಂಗೈ ಹಾಗೇ ಇದೆ, ನನ್ನ ಮುಂದೆ, ನಾಲ್ಕು ಗುರುತು, ಜಯಾ, ಏನ್ರಿ, ನಾಲ್ಕು ಗುರುತು —