ಕಾಶಿಯಲ್ಲಿ ಬಿಟ್ಟದ್ದು

ಕಾಶಿಗೆ ಹೋದವರು ತಮಗೆ ಪ್ರಿಯವಾದ ಒಂದು ಹಣ್ಣನ್ನೋ ತರಕಾರಿಯನ್ನೋ ಅಲ್ಲಿ ಬಿಟ್ಟು ಬರುವುದು ನಮ್ಮಲ್ಲಿ ರೂಢಿ. ಬಿಟ್ಟದ್ದನ್ನು ಬದುಕಿರುವ ತನಕ ಮತ್ತೆ ಮುಟ್ಟಬಾರದು. ಹನ್ನೆರಡು ವರ್ಷದ ಹಿಂದೆ ನಾನು, ನನ್ನ ಹೆಂಡತಿ ಸೀತಾಲಕ್ಷ್ಮಿ ಕಾಶಿಗೆ ಹೋದಾಗ ಅವಳು ಹಲಸಿನ ಹಣ್ಣು ಬಿಟ್ಟಳು. ಗಂಗೆಯಲ್ಲಿ ಮುಳುಗಿ ಮೆಟ್ಟಿಲ ಮೇಲೆ ಕುಳಿತು ತಲೆ ಒರೆಸಿಕೊಳ್ಳುತ್ತಾ ಕೇಳಿದಳು.

"ನೀವೇನು ಬಿಟ್ರಿ?"

"ಹಾಗಲಕಾಯಿ."

"ಅದನ್ನ ಯಾವತ್ತು ತಿಂದಿದ್ರಿ, ಬಿಡೋಕೆ? ವಿಶ್ವನಾಥಂಗೇ ಟೋಪಿ ಹಾಕಿದ್ರಿ ಬಿಡಿ."

ನಾನು ಅವಳಿಗೆ ಸುಳ್ಳು ಹೇಳಿದ್ದೆ. ನೀರಿನಲ್ಲಿ ಮೂರನೆಯ ಸಲ ಮುಳುಗಿದಾಗ ನಾನು ಮನಸ್ಸಿನಲ್ಲಿ ಬಿಟ್ಟದ್ದು ನನ್ನ ಮಗಳು ಸುರಭಿಯ ಟೆನಿಸ್ ಆಟ ನೋಡುವುದನ್ನು. ಅದಕ್ಕಿಂತ ಪ್ರಿಯವಾದದ್ದು ನನ್ನ ಬಳಿ ಬೇರೆ ಇರಲಿಲ್ಲ.

ಅವಳಿಗೆ ಒಂಬತ್ತು ವರ್ಷವಾದಾಗಿನಿಂದ ಹನುಮಂತನಗರದ ನಮ್ಮ ಮನೆಯಿಂದ ಜಯನಗರದ ಅಂಕಣಕ್ಕೆ ಬೆಳಗಿನ ಐದೂವರೆಗೆ ಸ್ಕೂಟರಿನಲ್ಲಿ ಕರೆದುಕೊಂಡು ಹೋಗುತ್ತಿದ್ದವನು ನಾನೇ. ಅಂಕಣದ ತಂತಿ ಬೇಲಿಯ ಹೊರಗೆ ಸಹಸ್ರನಾಮ ಹೇಳಿಕೊಳ್ಳುತ್ತಾ ನಿಲ್ಲುತ್ತಿದ್ದೆ. ಎರಡೂ ಕೈಯಲ್ಲಿ ರಾಕೆಟ್ ಹಿಡಿದು ಇಡೀ ಮೈ ತಿರುಗಿಸಿ ಅವಳು ಚೆಂಡು ಹೊಡೆಯುವುದನ್ನು ನೋಡಿದರೆ, ನನ್ನ ಬಾಯಲ್ಲಿದ್ದ ನಾಮ ಅಲ್ಲೇ ನಿಂತುಬಿಡುತ್ತಿತ್ತು. ಆಮೇಲೆ ಟೆಲಿಫೋನ್ ಇಲಾಖೆಯಲ್ಲಿ ನನ್ನ ಕೆಲಸ ಹೆಚ್ಚಿತು. ಪಂದ್ಯಗಳಿಗೆ ಮೊದಲಿನಿಂದ ಹೋಗಲು ಆಗುತ್ತಿರಲಿಲ್ಲ. ಅವಳಿಗೆ ಹದಿನೇಳು ವರ್ಷವಾದಾಗ ಒಂದೇ ಋತುವಿನಲ್ಲಿ ಮೂರು ಸಲ ಒಂದೇ ರೀತಿ ಆಯಿತು. ಗೆಲ್ಲುತ್ತಿದ್ದ ಮಗು, ನಾನು ಆಫೀಸಿನಿಂದ ಓಡೋಡಿ ಬಂದು ಕುಳಿತ ಗಳಿಗೆಯಿಂದ ಸೋಲತೊಡಗಿದಳು. ಮೂರನೆಯ ಸಲ ಅವಳ ಕೋಚ್ ಮಹೇಶ್ ನಕ್ಕು, "ಏನ್ ಸಾರ್, ನೀವ್ ಬಂದ್ರಿ, ಗಾಳಿನೇ ತಿರುಗ್ತು" ಎಂದರು. ಅವರು ಅದನ್ನು ಅಲ್ಲೇ ಮರೆತಿರಬೇಕು. ನನಗೆ ಮಾತ್ರ ಆ ರಾತ್ರಿ ಊಟ ಸೇರಲಿಲ್ಲ. ಹೆತ್ತವರ ಕಣ್ಣೇ ಮಕ್ಕಳಿಗೆ ಮೊದಲು ತಾಗುತ್ತದೆಂದು ನನ್ನ ತಾಯಿ ಹೇಳುತ್ತಿದ್ದರು.

ಕಾಶಿಯಿಂದ ಬಂದ ಎರಡು ತಿಂಗಳಿಗೆ ಸುರಭಿ ದೊಡ್ಡವರ ಪಂದ್ಯಾವಳಿಯೊಂದನ್ನು ಮೊದಲ ಸಲ ಗೆದ್ದಳು. ನಾನು ದೇವರ ಮುಂದೆ ತುಪ್ಪದ ದೀಪ ಹಚ್ಚಿದೆ. ಅಲ್ಲಿಗೆ ನನ್ನ ನಂಬಿಕೆ ಗಟ್ಟಿಯಾಯಿತು.

ಆಮೇಲಿನ ಹನ್ನೆರಡು ವರ್ಷ ಅವಳು ಆಡಿದ ಊರುಗಳ ಹೆಸರನ್ನು ನಾನು ಕೇಳಿದ್ದೇನೆ, ಅಷ್ಟೆ. ಟುನೀಸಿಯಾ, ಟರ್ಕಿ, ಥಾಯ್ಲೆಂಡ್. ಒಮ್ಮೆ ಲೋಕದಲ್ಲಿ ಇನ್ನೂರ ಎಂಬತ್ತೇಳನೆಯವಳಾದಳು. ಮಂಡಿಯ ಆಪರೇಷನ್ ಆದಮೇಲೆ ನಾನೂರು, ಆಮೇಲೆ ಏಳುನೂರು. ಸೀತಾಲಕ್ಷ್ಮಿ ಆದಾಗಲೆಲ್ಲ ಜೊತೆಗೆ ಹೋಗುತ್ತಿದ್ದಳು. ಹೋಗಲಾಗದಿದ್ದರೆ ಮೊಬೈಲಿನಲ್ಲಿ ನೋಡುತ್ತಿದ್ದಳು. ಅವಳು ನೋಡುವಾಗ ನಾನು ದೇವರ ಕೋಣೆಯ ಬಾಗಿಲು ಹಾಕಿಕೊಳ್ಳುತ್ತಿದ್ದೆ. ಪಂದ್ಯ ಮುಗಿದ ಮೇಲೆ ಅವಳು ಅಡಿಗೆಮನೆಯಿಂದಲೇ ಹುಳಿಗೆ ಒಗ್ಗರಣೆ ಹಾಕುತ್ತಾ ಒಂದೊಂದು ಹೊಡೆತವನ್ನೂ ಹೇಳುತ್ತಿದ್ದಳು. ನನಗೆ ಅದೇ ಆಟವಾಗಿತ್ತು.

"ನೀವೊಂದ್ಸಲ ಹೋಗಿ ಕೂತ್ಕೊಂಡ್ರೆ ಏನ್ರೀ ಗಂಟು ಹೋಗುತ್ತೆ?" ಎಂದು ಎಷ್ಟೋ ಸಲ ಕೇಳಿದಳು. ನಾನು ಪೂಜೆ ಎಂದೆ, ಬೆನ್ನುನೋವು ಎಂದೆ. ಬಿಟ್ಟದ್ದನ್ನು ಬಾಯಿಬಿಟ್ಟು ಹೇಳಿದರೆ ಫಲ ಹೋಗುತ್ತದೆಂದು ನಂಬಿದ್ದೆ.

ಸೀತಾಲಕ್ಷ್ಮಿ ತೀರಿಕೊಂಡು ಹದಿನಾಲ್ಕು ತಿಂಗಳಾಯಿತು. ಆಸ್ಪತ್ರೆಯಲ್ಲಿ ಕೊನೆಗೆ ನನ್ನ ಕೈ ಹಿಡಿದು, "ನೀವ್ಯಾಕೆ ಬರಲ್ಲ ಅಂತ ಮಗು ಕೇಳಲ್ಲ. ಆದ್ರೆ ಪ್ರತಿ ಸಲವೂ ಜನ ಕೂತಿರೋ ಕಡೆ ಒಂದ್ಸಲ ನೋಡ್ತಾಳೆ" ಎಂದಳು. ಅವಳು ಹೋದ ಮೇಲೆ ಮನೆಗೆ ಆಟದ ಸುದ್ದಿ ತರುವವರು ಇಲ್ಲವಾದರು. ಸುರಭಿ ಬಂದವಳು ಚೀಲ ಇಳಿಸಿ "ಸೋತೆ ಅಪ್ಪ" ಎನ್ನುತ್ತಿದ್ದಳು. ನಾನು "ಕಾಫಿ ಕುಡಿ" ಎನ್ನುತ್ತಿದ್ದೆ.

ಕಳೆದ ತಿಂಗಳು ಒಂದು ಸಂಜೆ ಅವಳು ನಡುಮನೆಯಲ್ಲಿ ಕುಳಿತು ಮಂಡಿಗೆ ಐಸ್ ಇಟ್ಟುಕೊಂಡು ಹೇಳಿದಳು.

"ಅಪ್ಪ, ಜೆ.ಪಿ. ನಗರದ ಕ್ಲಬ್ಬಲ್ಲಿ ಟೂರ್ನಮೆಂಟ್ ಇದೆ. ನನಗೆ ನೇರ ಪ್ರವೇಶ ಕೊಟ್ಟಿದಾರೆ, ಊರಿನವಳು ಅಂತ. ಇದೇ ಕೊನೆ. ಆಮೇಲೆ ಆಡಲ್ಲ. ಮಂಗಳವಾರ ಮ್ಯಾಚು. ನೀವು ಬರಬೇಕು."

"ಮಂಗಳವಾರ ಏಕಾದಶಿ ಕಣಮ್ಮ."

"ಏಕಾದಶಿ ಸೋಮವಾರ. ಮಂಗಳವಾರ ದ್ವಾದಶಿ. ನಾನೂ ಪಂಚಾಂಗ ನೋಡ್ಕೊಂಡೇ ಬಂದಿದೀನಿ. ಪಾರಣೆ ಮಾಡ್ಕೊಂಡು ಬನ್ನಿ."

ಇನ್ನು ಸುಳ್ಳು ಹೇಳಲು ಬಾಯಿ ಬರಲಿಲ್ಲ. ಎಲ್ಲವನ್ನೂ ಹೇಳಿದೆ: ಮೂರು ಸೋಲು, ಗಾಳಿಯ ಮಾತು, ಗಂಗೆ. ಅವಳು ಅಳುತ್ತಾಳೆ ಎಂದುಕೊಂಡಿದ್ದೆ. ತಬ್ಬಿಕೊಳ್ಳುತ್ತಾಳೆ ಎಂಬ ಆಸೆಯೂ ಒಳಗೆ ಇತ್ತು. ಅವಳು ಐಸಿನ ಚೀಲವನ್ನು ನೆಲದ ಮೇಲಿಟ್ಟಳು.

"ಅಂದ್ರೆ ಗೆದ್ದಾಗ ಅದು ನಿಮ್ಮ ಹರಕೆ."

"ಹಾಗಲ್ಲ ಮಗು..."

"ಸೋತಿದ್ದು ನಿಮ್ಮ ಕಣ್ಣು. ನಾನೆಲ್ಲಿದ್ದೆ ಅಪ್ಪ? ನಾಲ್ಕು ಗಂಟೆಗೆ ಎದ್ದು ಓಡಿದವಳು, ಮಂಡಿ ಕೊಯ್ಸಿಕೊಂಡವಳು, ಅವಳೆಲ್ಲಿದ್ಲು?"

ನಾನು ನೆಲದ ಮೇಲಿದ್ದ ಐಸಿನ ಚೀಲವನ್ನು ಎತ್ತಿ ಅವಳ ಕಡೆ ಚಾಚಿದೆ. ಅವಳು ತೆಗೆದುಕೊಳ್ಳಲಿಲ್ಲ.

"ನಿಮಗೆ ನಾನು ಆಡೋದು ಇಷ್ಟ ಇಲ್ಲ ಅಂದ್ಕೊಂಡಿದ್ದೆ. ಮದುವೆ ಮಾಡ್ಕೊಳ್ಳಲಿಲ್ಲ ಅಂತ ಸಿಟ್ಟು ಅಂದ್ಕೊಂಡಿದ್ದೆ. ಅದೇ ವಾಸಿ ಇತ್ತು" ಎಂದು ಎದ್ದು ಹೋದಳು. ಬಾಗಿಲ ಬಳಿ ನಿಂತು, ತಿರುಗದೆಯೇ, "ಹನ್ನೊಂದು ಗಂಟೆಗೆ" ಎಂದಳು.

ಮರುದಿನ ನಮ್ಮ ಪುರೋಹಿತರಾದ ಜಯಸಿಂಹ ಶಾಸ್ತ್ರಿಗಳ ಮನೆಗೆ ಹೋದೆ. ಅವರು ನನ್ನ ಮಾತನ್ನೆಲ್ಲ ಕೇಳಿ ಕನ್ನಡಕ ತೆಗೆದಿಟ್ಟರು.

"ಹಣ್ಣು, ತರಕಾರಿ ಆಗಿದ್ರೆ ಹೇಳ್ಬಹುದಿತ್ತು ರಾಮಪ್ರಸಾದ್. ಇದಕ್ಕೆ ನನ್ನ ಹತ್ರ ಶಾಸ್ತ್ರ ಇಲ್ಲ."

"ಪ್ರಾಯಶ್ಚಿತ್ತ?"

"ಯಾವುದಕ್ಕೆ? ಬಿಟ್ಟಿದ್ದಕ್ಕೋ, ಮತ್ತೆ ಹಿಡಿಯೋದಕ್ಕೋ? ಅದನ್ನ ನೀವೇ ಮೊದಲು ಹೇಳಿ."

ಮಂಗಳವಾರ ಪಾರಣೆ ಮಾಡಿ, ಆಟೋ ಹತ್ತಿ ಹೋದೆ. ಮುದುಕರು ಕೆಲವರು, ಶಾಲೆಯ ಮಕ್ಕಳು ಒಂದಿಷ್ಟು, ಎಲ್ಲ ಸೇರಿ ಅರವತ್ತು ಜನವಿದ್ದರೇನೋ. ಮೇಲಿನ ಸಾಲಿನಲ್ಲಿ ಕುಳಿತೆ. ಸುರಭಿ ಒಳಗೆ ಬಂದಳು. ಚೀಲ ಇಳಿಸಿ ಜನ ಕುಳಿತಿದ್ದ ಕಡೆ ಒಂದು ಸಲ ನೋಡಿದಳು. ಅವಳು ನನ್ನನ್ನು ಕಂಡಳೆಂದು ತಿಳಿಯಿತು. ನಗಲಿಲ್ಲ, ಬಗ್ಗಿ ಷೂಸಿನ ದಾರ ಬಿಗಿದುಕೊಂಡಳು.

ಎದುರಿಗೆ ಹತ್ತೊಂಬತ್ತು ವರ್ಷದ ಪುಣೆಯ ಹುಡುಗಿ. ಆಟ ಶುರುವಾಯಿತು. ನನಗೆ ಮೊದಲು ಅರ್ಥವಾಗಲಿಲ್ಲ. ನಾನು ಎರಡು ಕೈಯ ಹೊಡೆತವನ್ನು ಕಾಯುತ್ತಿದ್ದೆ, ಅದು ಬರಲೇ ಇಲ್ಲ. ಎಡಗಡೆಗೆ ಬಂದ ಚೆಂಡನ್ನೆಲ್ಲ ಅವಳು ಒಂದೇ ಕೈಯಲ್ಲಿ, ಮೇಲಿನಿಂದ ಕೆಳಗೆ ಸವರಿದ ಹಾಗೆ ಹೊಡೆಯುತ್ತಿದ್ದಳು. ಚೆಂಡು ನೆಟ್ಟಿನ ಮೇಲೆ ಸುಮ್ಮನೆ ತೇಲಿ ಹೋಗಿ ಆಚೆ ಬದಿಯಲ್ಲಿ ಏಳದೆ ಜಾರುತ್ತಿತ್ತು. ಓಡುವುದು ಕಡಿಮೆ, ಕಾಯುವುದು ಹೆಚ್ಚು. ನಾನು ಕಂಡಿದ್ದ ಹುಡುಗಿ ಹೀಗೆ ಆಡುತ್ತಿರಲಿಲ್ಲ. ಸೀತಾಲಕ್ಷ್ಮಿಯ ಮಾತು ಕೇಳುತ್ತಾ ನಾನು ಮನಸ್ಸಿನಲ್ಲಿ ನೋಡುತ್ತಿದ್ದದ್ದು ಆ ಹದಿನೇಳರ ಹುಡುಗಿಯನ್ನೇ. ಇಲ್ಲಿ ಆಡುತ್ತಿದ್ದವಳು ಇಪ್ಪತ್ತೊಂಬತ್ತರ ಹೆಂಗಸು.

ಪಕ್ಕದಲ್ಲಿ ಯಾರೋ ಬಂದು ಕುಳಿತರು. ಕೋಚ್ ಮಹೇಶ್, ತಲೆ ಪೂರ್ತಿ ನೆರೆತಿತ್ತು.

"ಸಾರ್, ನೀವಾ? ಎಷ್ಟ್ ವರ್ಷ ಆಯ್ತು ನೋಡಿ."

"ಇವಳು ಎರಡು ಕೈಯಲ್ಲಿ ಯಾಕೆ ಹೊಡೀತಿಲ್ಲ?"

ಅವರು ನನ್ನ ಮುಖ ನೋಡಿದರು. "ಅದು ಬಿಟ್ಟು ಆರು ವರ್ಷ ಆಯ್ತಲ್ಲ ಸಾರ್. ಎಡಗೈ ಮಣಿಕಟ್ಟು ಹೋಗಿತ್ತು. ಮಗ್ಗಿ ಕಲಿಯೋ ಹಾಗೆ ಮೊದಲಿಂದ ಕಲಿತ್ಲು, ಒಂದು ವರ್ಷ. ನಾನಾಗಿದ್ರೆ ಬಿಟ್ಬಿಡ್ತಿದ್ದೆ. ಮನೇಲಿ ಹೇಳಿರ್ಲಿಲ್ವಾ?"

ನನಗೆ ಮಣಿಕಟ್ಟಿನ ವಿಷಯ ಗೊತ್ತಿರಲಿಲ್ಲ. ಹೆಂಡತಿ ನನಗೆ ಹೊಡೆತಗಳನ್ನು ಹೇಳಿದ್ದಳು, ಒಂದು ಕೈಯೋ ಎರಡೋ ಎಂದು ನಾನು ಕೇಳಿರಲಿಲ್ಲ; ನೋವನ್ನು ಅವಳು ಹೇಳಿರಲಿಲ್ಲ.

ಮೊದಲ ಸೆಟ್ ಸುರಭಿ ಗೆದ್ದಳು, ಎರಡನೆಯದು ಆ ಹುಡುಗಿ. ಮೂರನೆಯದರಲ್ಲಿ ಸುರಭಿ ನಾಲ್ಕು–ಒಂದು ಮುಂದಿದ್ದಳು. ಆಮೇಲೆ ಎರಡು ಗೇಮ್ ಹೋಯಿತು. ನಾಲ್ಕು–ಮೂರು. ಆಟಗಾರ್ತಿಯರು ನೀರು ಕುಡಿಯಲು ಕುಳಿತರು.

ಹಳೆಯ ಭಯ ಮತ್ತೆ ಬಂತು. ಎದ್ದು ಹೋಗು, ಇನ್ನೂ ಹೊತ್ತು ಮೀರಿಲ್ಲ, ಎದ್ದರೆ ಮಗು ಗೆಲ್ಲುತ್ತಾಳೆ ಎಂದು ಮನಸ್ಸು ಹೇಳಿತು. ನಾನು ಮುಂದಿನ ಕಂಬಿ ಹಿಡಿದು ಅರ್ಧ ಎದ್ದಿದ್ದೆ. ಸುರಭಿ ಕುರ್ಚಿಯಿಂದ ತಲೆ ಎತ್ತಿ ನೋಡಿದಳು. ಸನ್ನೆ ಮಾಡಲಿಲ್ಲ. ಬಾಟಲಿ ಕೈಯಲ್ಲಿ ಹಿಡಿದು, ಕುಡಿಯದೆ, ನನ್ನನ್ನೇ ನೋಡಿದಳು. ವಿಶ್ವನಾಥನ ಮುಂದೆ ನಾನು ಹೇಳಿದ ಮಾತು ಒಂದು ಕಡೆ, ಅವಳ ಆ ನೋಟ ಒಂದು ಕಡೆ. ಮಹೇಶ್, "ಕಾಲು ಜೋಮು ಹಿಡೀತಾ ಸಾರ್?" ಎಂದರು.

ನಾನು ಕುಳಿತುಕೊಂಡೆ.

ಆಮೇಲೆ ಅವಳಿಗೆ ಒಂದು ಗೇಮೂ ಸಿಗಲಿಲ್ಲ. ಆರು–ನಾಲ್ಕರಲ್ಲಿ ಸೋತಳು. ಕೊನೆಯ ಚೆಂಡು ನೆಟ್ಟಿಗೆ ತಾಗಿ ಅವಳ ಕಡೆಗೇ ಬಿತ್ತು. ಆ ಹುಡುಗಿಯ ಕೈ ಕುಲುಕಿ ಬೆನ್ನು ತಟ್ಟಿದಳು, ಕುರ್ಚಿಯಲ್ಲಿ ಕುಳಿತು ಟವೆಲ್ಲಿನಿಂದ ಮುಖ ಮುಚ್ಚಿಕೊಂಡಳು. ನಾಲ್ಕೈದು ಜನ ಚಪ್ಪಾಳೆ ತಟ್ಟಿದರು. ಮುಂದಿನ ಪಂದ್ಯದವರು ಚೀಲ ಹೊತ್ತು ಒಳಗೆ ಬರುತ್ತಿದ್ದರು.

ಕ್ಲಬ್ಬಿನ ಗೇಟಿನ ಬಳಿ ಅವಳಿಗಾಗಿ ಕಾದೆ. ತಲೆಗೂದಲು ಒದ್ದೆಯಾಗಿದ್ದವಳು ಕುಂಟುತ್ತಾ ಬಂದಳು. ನನ್ನ ಮುಖ ನೋಡಿದ ತಕ್ಷಣ ಹೇಳಿದಳು.

"ಏನ್ ಯೋಚನೆ ಮಾಡ್ತಿದೀರ ಅಂತ ಗೊತ್ತು. ಬೇಡ. ಆ ಹುಡುಗಿ ಚೆನ್ನಾಗಿ ಆಡಿದ್ಲು. ನನ್ನ ಕಾಲು ಸೋತಿತ್ತು. ಅಷ್ಟೇ."

ಆ ಯೋಚನೆ ನನ್ನಲ್ಲಿ ಇತ್ತು. ಇಲ್ಲವೆಂದು ದೇವರಾಣೆಗೂ ಹೇಳಲಾರೆ. ಆದರೆ ಆ ಸೋಲು ಅವಳದು; ಅದನ್ನು ಅವಳ ಕೈಯಿಂದ ಕಿತ್ತುಕೊಳ್ಳುವ ಹಕ್ಕು ನನಗಿರಲಿಲ್ಲ.

"ಹೌದು. ಆ ಹುಡುಗಿ ಚೆನ್ನಾಗಿ ಆಡಿದಳು" ಎಂದೆ.

ಅವಳು ಚೀಲದ ಒಂದು ಪಟ್ಟಿಯನ್ನು ನನ್ನ ಕೈಗೆ ಕೊಟ್ಟಳು. ಇಬ್ಬರೂ ಹಿಡಿದುಕೊಂಡು ಆಟೋ ನಿಲ್ಲುವ ಕಡೆ ನಡೆದೆವು.

"ಮಣಿಕಟ್ಟು ಯಾವಾಗ ನೋವಾಯ್ತು? ಆ ಒಂದು ಕೈ ಹೊಡೆತ ಹೇಗೆ ಕಲಿತೆ? ನನಗೆ ಹೇಳಮ್ಮ."

ಅವಳು ರಸ್ತೆಯ ಕಡೆ ನೋಡುತ್ತಿದ್ದಳು.

"ಅದನ್ನೆಲ್ಲ ಅಮ್ಮಂಗೆ ಹೇಳಿದ್ದೆ ಅಪ್ಪ" ಎಂದಳು. "ಒಂದೊಂದು ದಿನದ್ದೂ ಹೇಳಿದ್ದೆ. ಮತ್ತೆ ಮೊದಲಿಂದ ಹೇಳೋಕೆ ಈಗ ನನ್ನ ಕೈಲಿ ಆಗಲ್ಲ."

ಆಟೋ ಬಂತು. ಅವಳು ಮೊದಲು ಹತ್ತಿ, ನೋಯುವ ಕಾಲನ್ನು ಎರಡೂ ಕೈಯಿಂದ ಎತ್ತಿ ಒಳಗಿಟ್ಟುಕೊಂಡಳು. ನಾನು ಪಕ್ಕದಲ್ಲಿ ಕುಳಿತು ಹನುಮಂತನಗರ ಎಂದೆ. ಮನೆ ಬರುವ ತನಕ ಅವಳ ಚೀಲವನ್ನು ನನ್ನ ತೊಡೆಯ ಮೇಲೆ ಇಟ್ಟುಕೊಂಡಿದ್ದೆ.